ಅಯೋವಾ ಸಿಟಿಯ ಕಲಾ ಕಟ್ಟಡ: ತಲೆ ಎತ್ತಿ ನೋಡಬೇಕಾದದ್ದು

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಕಲಾಶಾಲೆಯ ಎರಡು ಕಟ್ಟಡ ನೋಡಲು ಶಿಕಾಗೊದಿಂದ ಪಶ್ಚಿಮಕ್ಕೆ ಹೊರಟರೆ ಅಯೋವಾ ಸಿಟಿ ಸುಮಾರು 350 ಕಿಲೋಮೀಟರ್. ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಎರಡೂ ಬದಿ ಮುಸುಕಿನ ಜೋಳ, ಸೋಯಾ ಹೊಲ. ಡಾವೆನ್‌ಪೋರ್ಟ್ ಬಳಿ ಮಿಸಿಸಿಪ್ಪಿ ದಾಟಿದ ಮೇಲೆ ಇನ್ನೊಂದು ಗಂಟೆ ಹಿಡಿಯುತ್ತದೆ. ಇಂಟರ್‌ಸ್ಟೇಟ್ 80ರ 244ನೇ ಎಕ್ಸಿಟ್‌ನಲ್ಲಿ ಇಳಿದು ಡ್ಯೂಬ್ಯೂಕ್ ಸ್ಟ್ರೀಟ್ ಹಿಡಿದರೆ ನೇರ ಊರೊಳಗೆ. ವಿಮಾನದಲ್ಲಿ ಬರುವವರು ಸೀಡರ್ ರ್‍ಯಾಪಿಡ್ಸ್‌ನಲ್ಲಿ ಇಳಿದು ದಕ್ಷಿಣಕ್ಕೆ ಮೂವತ್ತು ಕಿಲೋಮೀಟರ್‌ನಷ್ಟು ಬರಬೇಕು. ವಿಶ್ವವಿದ್ಯಾಲಯದ ಕ್ಯಾಂಬಸ್ ಎಂಬ ಬಸ್ಸುಗಳಲ್ಲಿ ಟಿಕೆಟ್ ಇಲ್ಲ, ಯಾರು ಬೇಕಾದರೂ ಹತ್ತಬಹುದು. ಕಾರನ್ನು ಪೇಟೆಯ ಕಡೆ ನಿಲ್ಲಿಸಿ, ನದಿಯ ಪಶ್ಚಿಮ ದಡಕ್ಕೆ ಸೇತುವೆ ಮೇಲೆ ನಡೆದು ಹೋಗುವುದು ಒಳ್ಳೆಯದು. ಈ ಕಟ್ಟಡಗಳು ಅಲ್ಲಿ ಏಕೆ ಹಾಗೆ ನಿಂತಿವೆ ಎಂಬುದು ನದಿ ನೋಡದೆ ಅರ್ಥವಾಗುವುದಿಲ್ಲ.

ವಾಸ್ತುಶಿಲ್ಪಿ ಸ್ಟೀವನ್ ಹಾಲ್ ವಿನ್ಯಾಸ ಮಾಡಿದ ಎರಡು ಕಟ್ಟಡಗಳು ಇಲ್ಲಿ ಒಂದರ ಪಕ್ಕ ಒಂದಿವೆ. ಆರ್ಟ್ ಬಿಲ್ಡಿಂಗ್ ವೆಸ್ಟ್ 2006ರದ್ದು, ವಿಶುವಲ್ ಆರ್ಟ್ಸ್ ಬಿಲ್ಡಿಂಗ್ 2016ರದ್ದು. ಫೋಟೊಗೆ ಚೆನ್ನಾಗಿ ಬರುವುದು ಮೊದಲನೆಯದು. ವಾಸ್ತುಶಿಲ್ಪ ಕಲಿಯುವವರಿಗೆ ಹೆಚ್ಚು ಸಿಗುವುದು ಎರಡನೆಯದರಲ್ಲಿ. ಹಾಗಾಗಿ ಮೊದಲನೆಯದಕ್ಕೆ ಒಂದು ಗಂಟೆ, ಎರಡನೆಯದಕ್ಕೆ ಅರ್ಧ ದಿನ ಇಟ್ಟುಕೊಳ್ಳಬೇಕು.

ನದಿಯ ವಿಷಯ ಮೊದಲು. 2008ರ ಜೂನ್‌ನಲ್ಲಿ ಅಯೋವಾ ನದಿ ಉಕ್ಕಿ ದಡದ ಕಲಾ ಕ್ಯಾಂಪಸ್ ಪೂರ್ತಿ ಮುಳುಗಿತು. 1936ರ ಹಳೆಯ ಕಲಾ ಕಟ್ಟಡದಲ್ಲಿ ಮತ್ತೆ ತರಗತಿ ನಡೆಸುವ ಸ್ಥಿತಿ ಉಳಿಯಲಿಲ್ಲ. ಕುಂಬಾರಿಕೆ, ಶಿಲ್ಪ, ಮುದ್ರಣಕಲೆ ಎಲ್ಲವೂ ಊರ ದಕ್ಷಿಣದಲ್ಲಿ ಖಾಲಿ ಬಿದ್ದಿದ್ದ ಮೆನಾರ್ಡ್ಸ್ ಎಂಬ ದೊಡ್ಡ ಹಾರ್ಡ್‌ವೇರ್ ಅಂಗಡಿಯ ಶೆಡ್ಡಿಗೆ ಹೋದವು. ಆರ್ಟ್ ಬಿಲ್ಡಿಂಗ್ ವೆಸ್ಟ್ ಕಟ್ಟಿ ಎರಡೇ ವರ್ಷವಾಗಿತ್ತು. ಅದಕ್ಕೂ ನೀರು ನುಗ್ಗಿ, ಮತ್ತೆ ಬಾಗಿಲು ತೆರೆದದ್ದು 2012ರಲ್ಲಿ. ಈಗ ಅದರ ಸುತ್ತ ನೆಲದೊಳಗೆ ಅಡಿಪಾಯ ಹಾಕಿಟ್ಟಿದ್ದಾರೆ. ಪ್ರವಾಹದ ಮುನ್ಸೂಚನೆ ಬಂದಾಗ ಅದರ ಮೇಲೆ ಲೋಹದ ಕಂಬ, ಹಲಗೆ ಜೋಡಿಸಿ ಗೋಡೆ ಎಬ್ಬಿಸುತ್ತಾರೆ. ಉಳಿದ ದಿನ ಕಣ್ಣಿಗೆ ಅಡ್ಡವಾಗಿ ಏನೂ ಇರುವುದಿಲ್ಲ.

ಹಳೆಯ ಕಟ್ಟಡ ಹೋದದ್ದು ಸಣ್ಣ ನಷ್ಟವಲ್ಲ. ಚಿತ್ರಕಾರ ಗ್ರಾಂಟ್ ವುಡ್ ಪಾಠ ಹೇಳಿದ ಶಾಲೆ ಇದು. ಶಿಲ್ಪಿ ಎಲಿಜಬೆತ್ ಕ್ಯಾಟ್ಲೆಟ್ 1940ರಲ್ಲಿ ಸ್ನಾತಕೋತ್ತರ ಪದವಿ ಪಡೆದದ್ದು ಇಲ್ಲಿ. ಮೌರಿಸಿಯೊ ಲಸಾನ್ಸ್ಕಿ 1945ರಲ್ಲಿ ಬಂದು ಮುದ್ರಣಕಲೆಯ ವಿಭಾಗಕ್ಕೆ ದೇಶದಾದ್ಯಂತ ಹೆಸರು ತಂದರು. ಇಲ್ಲಿನ ಇಂಟರ್‌ಮೀಡಿಯಾ ವಿಭಾಗದಲ್ಲಿ ಕಲಾವಿದೆ ಅನಾ ಮೆಂಡಿಯೆಟಾ ಕಲಿತರು. ಮಾಧ್ಯಮದಿಂದ ಮಾಧ್ಯಮಕ್ಕೆ ಹೋಗಿ ಬಂದು ಮಾಡುವುದು ಮೊದಲಿಂದಲೂ ಈ ಶಾಲೆಯ ಅಭ್ಯಾಸ. ಹೊಸ ಕಟ್ಟಡದ ಮೂಲ ವಿಚಾರವೂ ಅದೇ.

ಆರ್ಟ್ ಬಿಲ್ಡಿಂಗ್ ವೆಸ್ಟ್ ಸುಣ್ಣಕಲ್ಲಿನ ಬಂಡೆಯ ಕೆಳಗೆ, ಹಳೆಯ ಕ್ವಾರಿಯಲ್ಲಿ ನಿಂತ ನೀರಿನ ಅಂಚಿನಲ್ಲಿದೆ. ಅದರ ಗ್ರಂಥಾಲಯ ಕೆರೆಯ ಮೇಲಕ್ಕೆ ಕಂಬವಿಲ್ಲದೆ ಚಾಚಿಕೊಂಡಿದೆ. ಪಿಕಾಸೊ 1912ರಲ್ಲಿ ಮಾಡಿದ ಗಿಟಾರ್ ಶಿಲ್ಪ ಇದಕ್ಕೆ ಪ್ರೇರಣೆ ಎಂದು ಹಾಲ್ ಹೇಳುತ್ತಾರೆ. ಒಂದಕ್ಕೊಂದು ತಾಗಿಯೂ ತಾಗದಂತಿರುವ ಹಾಳೆಗಳನ್ನು ನೋಡಿದರೆ ಅದು ಹೌದೆನಿಸುತ್ತದೆ. ಹೊರಮೈ ಕಾರ್ಟೆನ್ ಉಕ್ಕು. ತಾಮ್ರ, ಕ್ರೋಮಿಯಂ ಸ್ವಲ್ಪ ಬೆರೆತ ಈ ಉಕ್ಕಿಗೆ ಮೊದಲು ಹಿಡಿಯುವ ತುಕ್ಕೇ ಗಟ್ಟಿಯಾಗಿ ಕೂತು ಒಳಗಿನ ಲೋಹ ಕಾಯುತ್ತದೆ. ಅದಕ್ಕೆ ಒಂದು ಷರತ್ತಿದೆ: ಒದ್ದೆಯಾದದ್ದು ಪೂರ್ತಿ ಒಣಗಬೇಕು. ನೀರು ನಿಲ್ಲುವ ಮಡಿಕೆ, ಎಲೆ ಕೂಡುವ ಮೂಲೆ ಇದ್ದರೆ ಅಲ್ಲಿ ತುಕ್ಕು ನಿಲ್ಲದೆ ತಿನ್ನುತ್ತಲೇ ಹೋಗುತ್ತದೆ. ಉಪ್ಪುಗಾಳಿಗೂ ಇದು ತಡೆಯುವುದಿಲ್ಲ. ಮಂಗಳೂರು, ಕಾರವಾರದಲ್ಲಿ ಇದನ್ನು ಬಳಸಬೇಕೆನ್ನುವವರು ಈ ಎರಡು ಮಾತು ನೆನಪಿಟ್ಟುಕೊಳ್ಳಬೇಕು. ಗೋಡೆಯ ಬುಡ ನೆಲ ಮುಟ್ಟುವ ಕಡೆ ಬಗ್ಗಿ ನೋಡಿ. ಮೊದಲ ಮಳೆಗಾಲಗಳಲ್ಲಿ ಇಳಿಯುವ ಕೆಂಪು ನೀರು ಕಾಂಕ್ರೀಟಿನ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ. ಹಾಗಾಗಿ ಅದು ಎಲ್ಲಿ ಹರಿದು ಹೋಗಬೇಕು ಎಂಬುದನ್ನು ನಕ್ಷೆಯಲ್ಲೇ ತೀರ್ಮಾನಿಸಬೇಕಾಗುತ್ತದೆ.

ಇನ್ನು ಹೊಸ ಕಟ್ಟಡ. ಬಿಎನ್‌ಐಎಂ ಎಂಬ ವಾಸ್ತುಶಿಲ್ಪ ಸಂಸ್ಥೆಯ ಜತೆ ಸೇರಿ ಕಟ್ಟಿದ್ದು, 1,26,000 ಚದರ ಅಡಿ, ನಾಲ್ಕು ಮಹಡಿ. ಹೊರಗಿನಿಂದ ಹೆಚ್ಚುಕಡಿಮೆ ಒಂದು ಚೌಕ ಪೆಟ್ಟಿಗೆ. ಪಕ್ಕದ ಆರ್ಟ್ ಬಿಲ್ಡಿಂಗ್ ವೆಸ್ಟ್ ಬಂಡೆಯ ಅಂಕುಡೊಂಕಿಗೆ ತಕ್ಕಂತೆ ಅಂಚು ಚೆದುರಿಸಿಕೊಂಡಿದ್ದರೆ, ಇದು ಕ್ಯಾಂಪಸ್ಸಿನ ನೇರ ಗೆರೆಗೆ ಮರಳಿ, ನಡುವಿನ ಹುಲ್ಲುಗಾವಲಿಗೆ ಒಂದು ಗಡಿ ಕೊಡುತ್ತದೆ. ಇಲ್ಲಿಗೆ ಬಂದು ಬರೀ ಮುಂಭಾಗ ನೋಡಿ ಹೋದವರಿಗೆ ನಿರಾಸೆಯಾದರೆ ಆಶ್ಚರ್ಯವಿಲ್ಲ. ಕಟ್ಟಡ ಇರುವುದು ಒಳಗಿನ ಸೀಳಿನಲ್ಲಿ.

ಸೀಳು ಎಂದರೆ ಇದು: ಇಷ್ಟು ಅಗಲವಾದ ಮಹಡಿಗೆ ಹೊರಗೋಡೆಯ ಕಿಟಕಿಯಿಂದ ಮಾತ್ರ ಬೆಳಕು ಬಂದರೆ ನಡುವೆಲ್ಲ ಕತ್ತಲು. ಕಿಟಕಿಯ ಮೇಲಂಚಿನ ಎತ್ತರದ ಎರಡು, ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಕೆಲಸಕ್ಕೆ ಸಾಲುವ ಬೆಳಕು ಹೋಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ನಾಲ್ಕು ಮೀಟರ್ ಎತ್ತರದ ಕಿಟಕಿ ಇಟ್ಟರೂ ಎಂಟು-ಹತ್ತು ಮೀಟರ್ ದಾಟುವುದಿಲ್ಲ. ಇದಕ್ಕಾಗಿ ಪೆಟ್ಟಿಗೆಯನ್ನು ಏಳು ಕಡೆ ಮೇಲಿಂದ ಕೆಳಗೆ ಕೊರೆದಿದ್ದಾರೆ. ಕೊರೆದ ಕಡೆ ಒಂದು ಮಹಡಿಯ ಅಂಚು ಇನ್ನೊಂದರ ನೇರಕ್ಕೆ ಬರುವುದಿಲ್ಲ. ಒಂದು ಈಚೆ ಸರಿದರೆ ಮೇಲಿನದು ಆಚೆ ಸರಿದಿದೆ. ಸರಿದಲ್ಲೆಲ್ಲ ಒಂದು ಬಾಲ್ಕನಿ ಹುಟ್ಟಿದೆ. ಶಿಲ್ಪ ವಿಭಾಗದವರು ಹೊರಗೆ ಕೂತು ಉಜ್ಜುತ್ತಿದ್ದರೆ ಎರಡು ಮಹಡಿ ಮೇಲಿನ ಚಿತ್ರಕಲೆಯವರಿಗೆ ಅದು ಕಾಣುತ್ತದೆ. ಓಡಾಡುವ ದಾರಿಯ ಕಡೆಯ ಸ್ಟುಡಿಯೊ ಗೋಡೆಗಳೂ ಗಾಜಿನವು. ಕುಂಬಾರಿಕೆ, ಲೋಹ ಮತ್ತು ಆಭರಣ, ಮುದ್ರಣ, ಛಾಯಾಚಿತ್ರ, ಅನಿಮೇಷನ್ ಎಲ್ಲ ಒಂದೇ ಸೂರಿನಡಿ ಇರುವಾಗ ಒಬ್ಬರ ಕೆಲಸ ಇನ್ನೊಬ್ಬರ ಕಣ್ಣಿಗೆ ಬೀಳುವಂತೆ ಮಾಡಿರುವುದೇ ಈ ಕಟ್ಟಡದ ದೊಡ್ಡ ಗುಣ.

ಮೆಟ್ಟಿಲುಗಳೂ ಇದೇ ಕೆಲಸ ಮಾಡುತ್ತವೆ. ಕೆಲವು ಲ್ಯಾಂಡಿಂಗ್‌ಗಳು ಮೇಜು-ಕುರ್ಚಿ ಹಾಕುವಷ್ಟು ಅಗಲ. ಕೆಲವು ಮೆಟ್ಟಿಲು ಸೋಫಾ ಇರುವ ಜಾಗಕ್ಕೆ ಬಂದು ಸೇರುತ್ತವೆ. ಬೆಂಗಳೂರಿನ ಐಐಎಂನಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿ ಉದ್ದದ ಕಾರಿಡಾರುಗಳಿಂದ ಸಾಧಿಸಿದ್ದನ್ನು ಇಲ್ಲಿ ಮೆಟ್ಟಿಲಿನಿಂದ, ಅಂದರೆ ಮೇಲೆ-ಕೆಳಗೆ, ಸಾಧಿಸಿದ್ದಾರೆ. ಕೊರೆಯುವ ಚಳಿಯ ಈ ಊರಿಗೆ ಒಳಗಿನ ಮೆಟ್ಟಿಲೇ ಜಗಲಿ.

ಈಗ ತಲೆ ಎತ್ತಿ ಸ್ಲ್ಯಾಬ್ ನೋಡಿ. ಫಾಲ್ಸ್ ಸೀಲಿಂಗ್ ಇಲ್ಲ, ಪ್ಲಾಸ್ಟರ್ ಇಲ್ಲ, ಬರಿ ಕಾಂಕ್ರೀಟ್. ಈ ಒಂದು ಸ್ಲ್ಯಾಬ್ ಭಾರ ಹೊರುತ್ತದೆ, ಕೋಣೆಯನ್ನು ಬೆಚ್ಚಗೆ-ತಣ್ಣಗೆ ಇಡುತ್ತದೆ, ಅದೇ ಸೀಲಿಂಗ್ ಕೂಡ. ಇದನ್ನು ಬಬಲ್ ಸ್ಲ್ಯಾಬ್ ಎನ್ನುತ್ತಾರೆ. ಕಟ್ಟುವ ಕ್ರಮ ಹೀಗೆ: ಸೆಂಟ್ರಿಂಗ್ ಮೇಲೆ ಕೆಳಗಿನ ಕಂಬಿ ಜಾಲರಿ ಹಾಸಿ, ಅದರ ಮೇಲೆ ಒಳಗೆ ಟೊಳ್ಳಾದ ಪ್ಲಾಸ್ಟಿಕ್ ಚೆಂಡುಗಳನ್ನು ಸಾಲಾಗಿ ಕೂರಿಸಿ, ಮೇಲೆ ಇನ್ನೊಂದು ಜಾಲರಿ ಬಿಗಿದು ಕಾಂಕ್ರೀಟ್ ಸುರಿಯುವುದು. ಸ್ಲ್ಯಾಬಿನ ನಡುಭಾಗದ ಕಾಂಕ್ರೀಟ್ ಬಾಗುವಿಕೆಯನ್ನು ತಡೆಯಲು ಹೆಚ್ಚೇನೂ ಸಹಾಯ ಮಾಡುವುದಿಲ್ಲ, ಸುಮ್ಮನೆ ತೂಕ ಕೂಡಿಸುತ್ತದೆ. ಅಲ್ಲಿ ಚೆಂಡು ಇಟ್ಟರೆ ಅಷ್ಟೇ ದಪ್ಪದ ಗಟ್ಟಿ ಸ್ಲ್ಯಾಬಿಗಿಂತ ತೂಕ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಕಂಬದಿಂದ ಕಂಬಕ್ಕೆ ಅಂತರ ಹೆಚ್ಚಿಸಬಹುದು, ನಡುವೆ ಬೀಮ್ ಬೇಡ.

ಇದರಲ್ಲಿ ಎಡವುವ ಜಾಗಗಳಿವೆ. ಹಸಿ ಕಾಂಕ್ರೀಟಿನಲ್ಲಿ ಚೆಂಡು ತೇಲುತ್ತದೆ, ಜಾಲರಿಯನ್ನೇ ಎತ್ತಿಬಿಡುತ್ತದೆ. ಅದಕ್ಕೆ ಮೊದಲು ತೆಳುವಾದ ಪದರ ಹಾಕಿ, ಅದು ಹಿಡಿದುಕೊಂಡ ಮೇಲೆ ಉಳಿದದ್ದು ಸುರಿಯಬೇಕು, ಇಲ್ಲವೇ ಜಾಲರಿಯನ್ನು ಕೆಳಕ್ಕೆ ಕಟ್ಟಿಹಾಕಬೇಕು. ಕಂಬದ ಸುತ್ತ ಚೆಂಡು ಇಡುವಂತಿಲ್ಲ. ಕಂಬ ಸ್ಲ್ಯಾಬನ್ನು ಚುಚ್ಚಿಕೊಂಡು ಬರುವ ಒತ್ತಡ ಅಲ್ಲೇ ಅತಿ ಹೆಚ್ಚು, ಅಲ್ಲಿ ಗಟ್ಟಿ ಕಾಂಕ್ರೀಟೇ ಬೇಕು. ಚೆಂಡುಗಳ ನಡುವೆ ವೈಬ್ರೇಟರ್ ಸರಿಯಾಗಿ ಇಳಿಯದಿದ್ದರೆ ಕೆಳಮೈಯಲ್ಲಿ ಜೇನುಗೂಡಿನ ಹಾಗೆ ರಂಧ್ರ ಬೀಳುತ್ತದೆ. ಪ್ಲಾಸ್ಟರ್ ಇಲ್ಲದ ಕಟ್ಟಡದಲ್ಲಿ ಅದನ್ನು ಮುಚ್ಚಲು ಬೇರೆ ದಾರಿ ಇಲ್ಲ.

ಬಿಸಿ-ತಣ್ಣನೆಯ ಕೆಲಸ ನಡೆಯುವುದು ಸ್ಲ್ಯಾಬಿನೊಳಗೆ ಹಾಯಿಸಿದ ಸಣ್ಣ ಪೈಪುಗಳಿಂದ. ಚಳಿಗಾಲದಲ್ಲಿ ಉಗುರುಬೆಚ್ಚಗಿನ ನೀರು, ಬೇಸಿಗೆಯಲ್ಲಿ ತಂಪು ನೀರು. ಇಡೀ ಸ್ಲ್ಯಾಬ್ ಬಿಸಿಯಾಗಲು ಗಂಟೆಗಟ್ಟಲೆ ಬೇಕು, ಆರಲೂ ಅಷ್ಟೇ. ಬೆಳಿಗ್ಗೆ ಎಂಟಕ್ಕೆ ತರಗತಿ ಎಂದರೆ ರಾತ್ರಿಯೇ ಶುರು ಮಾಡಿರಬೇಕು. ಬೇಸಿಗೆಯ ತೊಂದರೆ ಬೇರೆ. ಗಾಳಿ 26 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 60 ಇದ್ದಾಗ ಸುಮಾರು 17.6 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಯ ಮೇಲಾದರೂ ನೀರು ಬೆವರುತ್ತದೆ. ಸ್ಲ್ಯಾಬ್ ಅದಕ್ಕಿಂತ ಕೆಳಗೆ ಇಳಿದರೆ ಸೀಲಿಂಗಿನಿಂದ ಕ್ಯಾನ್ವಾಸಿನ ಮೇಲೆ ಹನಿ ಬೀಳುತ್ತದೆ. ತೇವಾಂಶವನ್ನು ಶೇ 50ಕ್ಕೆ ಇಳಿಸಿದರೆ ಆ ಗಡಿ 15 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ, ಆಗ ಉಸಿರಾಡಲು ಜಾಗ ಸಿಗುತ್ತದೆ. ಆದ್ದರಿಂದ ಇಂಥ ಕಟ್ಟಡಗಳಲ್ಲಿ ಹೊರಗಿನ ಗಾಳಿಯನ್ನು ಬೇರೆ ಯಂತ್ರದಲ್ಲಿ ಒಣಗಿಸಿ ಒಳಗೆ ಬಿಡಬೇಕಾಗುತ್ತದೆ. ಇಲ್ಲಿ ತೆರೆಯಬಹುದಾದ ಕಿಟಕಿಗಳೂ ಇವೆ. ವಸಂತದಲ್ಲಿ, ಶರತ್ಕಾಲದಲ್ಲಿ ಅವು ವರ. ಜುಲೈಯ ಸೆಖೆಯ ಮಧ್ಯಾಹ್ನ ತೆರೆದಿಟ್ಟರೆ ಸ್ಲ್ಯಾಬಿನ ತಂಪು ನಿಲ್ಲಿಸಲೇಬೇಕು.

ಇನ್ನೊಂದು ಕಷ್ಟ ಕಲಾಶಾಲೆಗೇ ವಿಶೇಷವಾದದ್ದು. ಕಲಾವಿದರಿಗೆ ಸೀಲಿಂಗಿನಿಂದ ಏನಾದರೂ ತೂಗುಹಾಕುವುದು ದಿನದ ಕೆಲಸ. ಪೈಪ್ ಓಡಾಡುವ ಸ್ಲ್ಯಾಬಿಗೆ ಎಲ್ಲೆಂದರಲ್ಲಿ ಡ್ರಿಲ್ ಹಾಕುವಂತಿಲ್ಲ. ಒಂದು ಪೈಪ್ ತೂತಾದರೆ ಆ ಸುರುಳಿ ಇಡೀ ನಿಂತಂತೆ. ಕೊಂಡಿಗಳನ್ನು ಕಾಂಕ್ರೀಟ್ ಹಾಕುವಾಗಲೇ ಕೂರಿಸುವುದು ಒಂದೇ ನೆಮ್ಮದಿಯ ದಾರಿ. ಹಾಗೆಯೇ ಆವಿಗೆ (ಮಡಕೆ ಸುಡುವ ಗೂಡು), ಆಸಿಡ್ ತೊಟ್ಟಿ, ವೆಲ್ಡಿಂಗ್ ಇರುವ ಕಡೆ ಹೊಗೆ ಎಳೆಯುವ ಡಕ್ಟ್ ದೊಡ್ಡದಿರುತ್ತದೆ. ಅದು ಎಲ್ಲಿ ಸ್ಲ್ಯಾಬ್ ದಾಟುತ್ತದೆ ಎಂಬುದನ್ನೂ ಮೊದಲೇ ಗುರುತಿಸಬೇಕು, ಆಮೇಲೆ ಕೊರೆಯುತ್ತೇವೆ ಎನ್ನಲಾಗದು.

ಸರಿದ ಅಂಚುಗಳಿಗೂ ಬೆಲೆ ಇದೆ. ಒಳಗಿನ ಸ್ಲ್ಯಾಬ್ ಹಾಗೇ ಮುಂದುವರಿದು ಹೊರಗಿನ ಬಾಲ್ಕನಿಯಾದರೆ ಮೈನಸ್ 20 ಡಿಗ್ರಿಯ ಚಳಿ ಕಾಂಕ್ರೀಟಿನ ಮೂಲಕವೇ ಒಳಗೆ ಹರಿಯುತ್ತದೆ. ಗಾಜಿನ ಬುಡದಲ್ಲಿ ಬೆವರು, ಆಮೇಲೆ ಮಂಜುಗಡ್ಡೆ. ನಡುವೆ ಶಾಖ ತಡೆಯುವ ತುಂಡು ಕೂರಿಸಬೇಕಾದದ್ದು ಇಲ್ಲೇ. ಸದ್ದಿನ ಬಗ್ಗೆ ನನ್ನದೊಂದು ತಕರಾರಿದೆ: ಬೋಳು ಕಾಂಕ್ರೀಟ್, ಗಾಜು, ತೆರೆದ ಸೀಳು ಮೂರೂ ಸೇರಿದಾಗ ಮಾತು ಮಹಡಿಯಿಂದ ಮಹಡಿಗೆ ಸಾಗುತ್ತದೆ. ಕಾಣುವುದನ್ನು ಹಂಚಿಕೊಳ್ಳಲು ಕೊಟ್ಟಷ್ಟು ಗಮನವನ್ನು ಕೇಳುವುದನ್ನು ತಡೆಯಲೂ ಕೊಡಬೇಕಿತ್ತು.

ಹೊರಮೈಗೆ ಕೊನೆಗೆ ಬನ್ನಿ. ನೀಲಿ-ಹಸಿರು ಛಾಯೆಯ ಸತುವಿನ ತಗಡು. ಬಿಸಿಲು ಜೋರಾಗಿ ಬೀಳುವ ಆಗ್ನೇಯ, ನೈಋತ್ಯ ಮುಖಗಳಲ್ಲಿ ತೂತುಳ್ಳ ಲೋಹದ ತೆರೆ. ಸತುವಿನ ಹಿಂದೆ ಗಾಳಿಯಾಡಲು ಸಂದು ಬಿಡಲೇಬೇಕು, ಇಲ್ಲದಿದ್ದರೆ ತೇವ ಸಿಕ್ಕಿಕೊಂಡು ಹಿಂಬದಿಯಿಂದ ಬಿಳಿ ತುಕ್ಕು ಹಿಡಿಯುತ್ತದೆ. ತೆರೆಯ ಒಳಗೆ ನಿಂತು ಹೊರಗೆ ನೋಡಿದರೆ ಮೊದಲು ತೂತಿನ ಸಾಲು ಕಾಣುತ್ತದೆ, ಕ್ಷಣ ಕಳೆದ ಮೇಲೆ ಕಣ್ಣು ಅದನ್ನು ಬಿಟ್ಟು ಹುಲ್ಲುಗಾವಲಿಗೆ ಹೋಗುತ್ತದೆ. ಹಗಲಲ್ಲಿ ಹೊರಗಿನಿಂದ ಗೋಡೆ ಮುಚ್ಚಿದಂತಿರುತ್ತದೆ. ಕತ್ತಲಾದ ಮೇಲೆ ಒಳಗಿನ ದೀಪಕ್ಕೆ ಹಿಂದಿನ ಕಿಟಕಿಗಳು ಬಯಲಾಗುತ್ತವೆ. ಆಗ್ನೇಯ ಮುಖಕ್ಕೆ ಬೆಳಿಗ್ಗೆ, ನೈಋತ್ಯಕ್ಕೆ ಇಳಿಹೊತ್ತು ಒಳ್ಳೆಯದು.

ತರಗತಿ ನಡೆಯುವ ವಾರದ ದಿನಗಳಲ್ಲೇ ಹೋಗಿ, ಖಾಲಿ ಕಟ್ಟಡದಲ್ಲಿ ಇದರ ಅರ್ಧ ಗೊತ್ತಾಗುವುದಿಲ್ಲ. ಸ್ಟುಡಿಯೊ ಒಳಗೆ ಹೋಗಲು, ವಿದ್ಯಾರ್ಥಿಗಳ ಕೆಲಸದ ಫೋಟೊ ತೆಗೆಯಲು ಕೇಳಿಕೊಳ್ಳಬೇಕು. ಲೋಹ, ಮರದ ಕಾರ್ಯಾಗಾರಗಳ ಕಡೆ ಹೋಗುವ ಆಸೆ ಇದ್ದರೆ ಚಪ್ಪಲಿ ಬೇಡ, ಶೂ ಹಾಕಿಕೊಂಡು ಹೋಗಿ.

ಸಂಜೆಗೆ ಮುನ್ನ ನದಿ ದಾಟಿ ಬರ್ಲಿಂಗ್ಟನ್ ಸ್ಟ್ರೀಟಿನ ಸ್ಟ್ಯಾನ್ಲಿ ಮ್ಯೂಸಿಯಂಗೆ ಹೋಗಬಹುದು. 2022ರಲ್ಲಿ ತೆರೆದದ್ದು, ಬಿಎನ್‌ಐಎಂ ವಿನ್ಯಾಸ, ಪ್ರವೇಶ ಉಚಿತ. ಚಿತ್ರಕಾರ ಜಾಕ್ಸನ್ ಪೊಲಾಕ್ 1943ರಲ್ಲಿ ಬರೆದ ಆರು ಮೀಟರ್ ಉದ್ದದ 'ಮ್ಯೂರಲ್' ಅಲ್ಲಿದೆ. ಪ್ರವಾಹದ ನೀರು ಬರುವ ಮೊದಲೇ ಅದನ್ನು ಊರಿಂದ ಹೊರಗೆ ಸಾಗಿಸಿದ್ದರು.