ಅಂಗಳದಲ್ಲೇ ಆರತಕ್ಷತೆ: 15,000 ರೂಪಾಯಿಯೊಳಗಿನ ಅಲಂಕಾರದ ಕೆಲಸದ ದಾಖಲೆ

ಫೆಬ್ರವರಿ, ಮೊದಲ ಲೆಕ್ಕಾಚಾರ

ತಮ್ಮನ ಧಾರೆ ಹುಡುಗಿಯ ಊರಿನಲ್ಲಿ ನಡೆಯುತ್ತದೆ. ಅದರ ಮರುದಿನದ ಆರತಕ್ಷತೆಯನ್ನು ಸಾಗರ ತಾಲ್ಲೂಕಿನ ನಮ್ಮ ಮನೆಯ ಅಂಗಳದಲ್ಲೇ ಮಾಡುವುದೆಂದು ನಿಶ್ಚಯವಾಗಿದೆ. ಮೇ ತಿಂಗಳ ಮೊದಲ ವಾರ, ಸಂಜೆಯ ಹೊತ್ತು, ಸುಮಾರು 250 ಜನ. ಊಟ ಮತ್ತು ಕುರ್ಚಿಗಳ ಖರ್ಚು ಅಪ್ಪನದು. ಅಲಂಕಾರದ ಹೊಣೆ ನನ್ನದು, ಅದಕ್ಕೆ ಮೀಸಲಿಟ್ಟ ಹಣ 15,000 ರೂಪಾಯಿ. ಪೇಟೆಯ ಅಲಂಕಾರದವರನ್ನು ಕೇಳಿದಾಗ ವೇದಿಕೆ ಮತ್ತು ಅದರ ಹಿಂದಿನ ಪರದೆಗೇ ಈ ಮೊತ್ತ ಸಾಲದೆಂದು ತಿಳಿಯಿತು. ಹಾಗಾಗಿ ಮೊದಲು ತೀರ್ಮಾನಿಸಿದ್ದು ವೇದಿಕೆಯೇ ಬೇಡವೆಂದು. ನಮ್ಮ ಜಗಲಿ ಅಂಗಳಕ್ಕಿಂತ ಎರಡು ಅಡಿ ಎತ್ತರದಲ್ಲಿದೆ, ಮಾಡಿನ ಸೂರು ಅದರ ಮೇಲೆ ಚಾಚಿದೆ, ಹಿಂದೆ ಬಾಗಿಲಿನ ಎಡಕ್ಕೆ ಹತ್ತು ಅಡಿ ಅಗಲದ ಖಾಲಿ ಗೋಡೆಯಿದೆ. ಮದುಮಕ್ಕಳು ನಿಲ್ಲಲು ಇದಕ್ಕಿಂತ ಒಳ್ಳೆಯ ಜಾಗವನ್ನು ಬಾಡಿಗೆಗೆ ತಂದು ಕಟ್ಟಲು ಆಗುವುದಿಲ್ಲ.

ಎರಡನೆಯ ತೀರ್ಮಾನ ಕೆಲಸದ ಅನುಕ್ರಮಕ್ಕೆ ಸಂಬಂಧಿಸಿದ್ದು. ತೋಟ ಮತ್ತು ಬೇಣದಿಂದ (ಹುಲ್ಲುಗಾವಲಿನಿಂದ) ಬರುವ ಸಾಮಗ್ರಿಗೆ ಹಣ ಬೇಕಿಲ್ಲವಾದರೂ ಪ್ರತಿಯೊಂದಕ್ಕೂ ಅದರದೇ ಆಯಸ್ಸಿದೆ. ಅಡಿಕೆ ಹಾಳೆ ತಿಂಗಳುಗಟ್ಟಲೆ ಇರುತ್ತದೆ, ಬಾಳೆಕಂಬ ಎರಡು ಮೂರು ದಿನ ಬಾಳುತ್ತದೆ, ಸಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಅರಳಿದ ಸಂಜೆಗಷ್ಟೇ ಚೆಂದ. ಆದ್ದರಿಂದ ಹೆಚ್ಚು ಬಾಳುವುದನ್ನು ಮೊದಲು, ಬೇಗ ಬಾಡುವುದನ್ನು ಕೊನೆಗೆ ಎಂದು ಪಟ್ಟಿ ಮಾಡಿಕೊಂಡೆ. ಈ ಪಟ್ಟಿಯಿಲ್ಲದೆ ಹೊರಟರೆ ಕೊನೆಯ ದಿನ ಎಲ್ಲವೂ ಒಟ್ಟಿಗೆ ಮೇಲೆ ಬೀಳುತ್ತದೆ, ಆಗ ಪೇಟೆಗೆ ಓಡಿ ಸಿಕ್ಕಿದ್ದನ್ನು ಕೊಳ್ಳುವುದಲ್ಲದೆ ಬೇರೆ ದಾರಿಯಿರುವುದಿಲ್ಲ.

ಈ ತಿಂಗಳ ಮುಖ್ಯ ಕೆಲಸ ಚೆಂಡುಹೂವಿನ ಬೀಜ ಬಿತ್ತಿದ್ದು. ಬಿತ್ತಿದ ಸುಮಾರು ಎರಡೂವರೆ ತಿಂಗಳಿಗೆ ಗಿಡ ತುಂಬ ಹೂ ಬರುವುದರಿಂದ ಫೆಬ್ರವರಿ ನಡುವೆ ಬಿತ್ತುವುದು ಸರಿಹೊಂದುತ್ತದೆ. ಬಚ್ಚಲ ನೀರು ಹರಿಯುವ ಕಡೆ ಕಿತ್ತಳೆ ಮತ್ತು ಹಳದಿ ಎರಡು ಬಣ್ಣದ ಮಡಿಗಳಾಗಿವೆ.

ಮಾರ್ಚ್

ಚೆಂಡುಹೂವಿನ ಗಿಡಗಳ ಕುಡಿ ಚಿವುಟಿದ್ದಾಯಿತು. ಕುಡಿ ಚಿವುಟಿದರೆ ಗಿಡ ಕವಲೊಡೆದು ಹೂವಿನ ಸಂಖ್ಯೆ ಹೆಚ್ಚುತ್ತದೆ. ಮಾಲೆಗೆ ದೊಡ್ಡ ಹೂವಿಗಿಂತ ಹೆಚ್ಚು ಹೂ ಮುಖ್ಯ.

ಮದುಮಕ್ಕಳ ಹೆಸರಿನ ಫಲಕಕ್ಕೆ ಥರ್ಮೋಕೋಲ್ ಬೇಡವೆಂಬುದು ನಮ್ಮ ಮೊದಲಿನ ಇಚ್ಛೆಯಾಗಿತ್ತು, ಕಾನೂನೂ ಅದನ್ನೇ ಹೇಳುತ್ತದೆ. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್, ತಟ್ಟೆ ಲೋಟಗಳಿಗೆ ನಿಷೇಧವಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲೂ ಸೇರಿದೆ. ನಮ್ಮ ಫಲಕಕ್ಕೆ ಅಡಿಕೆ ಹಾಳೆಯನ್ನೇ ಆರಿಸಿದೆವು. ಉದುರಿದ ಹಾಳೆಗಳಲ್ಲಿ ಮಚ್ಚೆಯಿಲ್ಲದವನ್ನು ಆಯ್ದು, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಕಾಗದದ ಅಚ್ಚಿಟ್ಟು ಕತ್ತರಿಯಿಂದ ಅಕ್ಷರಗಳನ್ನು ಕತ್ತರಿಸಿ, ಎರಡು ಹಲಗೆಗಳ ನಡುವೆ ಕಲ್ಲು ಹೇರಿ ಒಣಗಿಸಿದರೆ ಅವು ಸುರುಟದೆ ಚಪ್ಪಟೆಯಾಗಿ ನಿಲ್ಲುತ್ತವೆ. ಹಾಗೇ ಬಿಸಿಲಿಗಿಟ್ಟರೆ ಹಾಳೆ ತನ್ನ ಹಳೆಯ ಬಾಗಿಗೇ ಮರಳುತ್ತದೆ. ಕನ್ನಡ ಅಕ್ಷರಗಳಲ್ಲಿ ಒತ್ತು, ದೀರ್ಘಗಳು ಬಿಡಿಯಾಗಿ ಉಳಿಯುವುದರಿಂದ ದಾರಕ್ಕೆ ಪೋಣಿಸಿ ತೂಗುಬಿಡಲು ಸಾಧ್ಯವಿಲ್ಲ. ಅದಕ್ಕಾಗಿ ಬಿದಿರಿನ ಸಣ್ಣ ತಟ್ಟಿಯೊಂದರ ಮೇಲೆ ತೆಳುವಾದ ತಂತಿಯಿಂದ ಹೊಲಿದು ಕೂರಿಸಿದೆವು. ಹಾಳೆಯ ತಿಳಿ ಕೆನೆಬಣ್ಣ ಬಿದಿರಿನ ಹಳದಿಯ ಮೇಲೆ ಅಷ್ಟಾಗಿ ಎದ್ದು ಕಾಣದು ಎಂದು ಚಿಕ್ಕಮ್ಮ ಹೇಳಿದ್ದರಿಂದ ತಟ್ಟಿಗೆ ಮೊದಲೇ ಕೆಮ್ಮಣ್ಣು ಬಳಿದೆವು. ಈಗ ಅಂಗಳದ ಆಚೆ ತುದಿಯಿಂದಲೂ ಓದಬಹುದು.

ಅಮ್ಮನ ಮತ್ತು ಅಜ್ಜಿಯ ಹಳೆಯ ಹತ್ತಿ ಸೀರೆಗಳನ್ನು ಪೆಟ್ಟಿಗೆಯಿಂದ ಹೊರತೆಗೆದಿದ್ದೇವೆ. ಕೊಟ್ಟಿಗೆಯ ಕಡೆ ಮತ್ತು ಪಂಪಿನ ಶೆಡ್ಡಿನ ಕಡೆ ಮರೆಮಾಡಲು ಇವು ಬೇಕು. ಸೀರೆಗೆ ಮೊಳೆಯಾಗಲಿ ಪಿನ್ನಾಗಲಿ ತಾಗಬಾರದೆಂಬುದು ಅಮ್ಮನ ಷರತ್ತು. ನನಗೂ ಅದು ಸರಿಯೆನಿಸುತ್ತದೆ, ಏಕೆಂದರೆ ಅವು ಮತ್ತೆ ಪೆಟ್ಟಿಗೆಗೆ ಹೋಗಬೇಕಾದವು. ಗಳದ ಮೇಲೆ ಸೀರೆಯನ್ನು ಮಡಿಸಿ ಇಳಿಬಿಟ್ಟು, ಕೆಳತುದಿಯಲ್ಲಿ ಎರಡೂ ಪದರಗಳ ನಡುವೆ ತೆಳು ದಬ್ಬೆಯೊಂದನ್ನು ಸೇರಿಸಿ ದಾರದಿಂದ ಕಟ್ಟಿದರೆ ಗಾಳಿಗೆ ಹಾರದು. ಅಂಚು ಬಿಚ್ಚಿದ್ದ ಸೀರೆಗಳನ್ನು ಮಾತ್ರ ದರ್ಜಿಗೆ ಕೊಟ್ಟು ಹೊಲಿಸಿದೆವು.

ಏಪ್ರಿಲ್, ಹಸೆಗೋಡೆ

ಇಡೀ ಅಲಂಕಾರದಲ್ಲಿ ನನಗೆ ಅತ್ಯಂತ ಬೇಕಾದ ಕೆಲಸವಿದು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವುದು ಮೊದಲಿನಿಂದ ಬಂದದ್ದು, ಮದುಮಕ್ಕಳನ್ನು ಅದರ ಮುಂದೆಯೇ ಕೂರಿಸುವುದು. ಮಂಟಪಗಳಲ್ಲಿ ಮದುವೆಯಾಗತೊಡಗಿದ ಮೇಲೆ ಗೋಡೆಯೂ ಹೋಯಿತು, ಬರೆಯುವವರೂ ಕಡಿಮೆಯಾದರು. ನಮ್ಮ ದೊಡ್ಡಮ್ಮನಿಗೆ ಇನ್ನೂ ಬರುತ್ತದೆ. ಅವರು ಬಂದು ನಮ್ಮ ಮನೆಯಲ್ಲೇ ಉಳಿದಿದ್ದಾರೆ.

ಮೊದಲು ಗೋಡೆಯ ಸುಣ್ಣ ಕೆರೆದು, ಸೋಸಿದ ಕೆಮ್ಮಣ್ಣನ್ನು ಎರಡು ಸಲ ಬಳಿದು ಒಣಗಲು ಬಿಟ್ಟೆವು. ಬಿಳಿಗೆ ನೆನೆಸಿ ರುಬ್ಬಿದ ಅಕ್ಕಿ, ಕಪ್ಪಿಗೆ ಕರಿಯಾಗುವವರೆಗೆ ಹುರಿದು ಅರೆದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ನಾರಿನ ತುದಿಯನ್ನು ಜಜ್ಜಿ, ಎಳೆಯ ದಪ್ಪಕ್ಕೆ ತಕ್ಕಂತೆ ಬೇರೆ ಬೇರೆ ಕುಂಚಗಳನ್ನು ದೊಡ್ಡಮ್ಮ ತಾವೇ ಕಟ್ಟಿಕೊಂಡರು. ಚೌಕದ ಅಂಚನ್ನು ನೂಲಿನಿಂದ ಅಳೆದು ಗುರುತಿಸಿದ ನಂತರ ಒಳಗಿನ ನೇರ ಗೆರೆಗಳು, ಓರೆ ಗೆರೆಗಳು ಒಂದರ ಪಕ್ಕ ಒಂದು ಸಮಾನ ಅಂತರದಲ್ಲಿ ಬರುತ್ತ ಹೋದವು. ನಡುವೆ ಮದುಮಕ್ಕಳ ಪುಟ್ಟ ಗೊಂಬೆಗಳು. ಬಿಳಿಯ ಗೆರೆ ಹಸಿಯಿರುವಾಗ ಮಸುಕಾಗಿ ಕಾಣುತ್ತದೆ, ಒಣಗಿದ ಮೇಲೆಯೇ ಉರಿಯುವಂತೆ ಬೆಳಗುತ್ತದೆ. ಅದನ್ನರಿಯದೆ ತಮ್ಮ ಮತ್ತೊಂದು ಸಲ ಬಳಿಯೋಣವೇ ಎಂದಾಗ ದೊಡ್ಡಮ್ಮ, "ತಡಿ ಮಾರಾಯ, ಒಣಗ್ಲಿ" ಎಂದಷ್ಟೇ ಹೇಳಿದರು. ನಾನು ಅಂಚಿನ ಗೆರೆಗಳನ್ನು ಮಾತ್ರ ಎಳೆದಿದ್ದೇನೆ. ಒಳಗಿನ ಎಳೆಗೆ ಕೈ ಹಾಕುವಷ್ಟು ಅಭ್ಯಾಸ ಇನ್ನೂ ಆಗಿಲ್ಲ, ಈ ಮಳೆಗಾಲದಲ್ಲಿ ದೊಡ್ಡಮ್ಮನ ಮನೆಗೆ ಹೋಗಿ ಕಲಿಯಬೇಕೆಂದಿದ್ದೇನೆ.

ಈ ಬಣ್ಣಗಳು ನೀರಿಗೆ ನಿಲ್ಲುವುದಿಲ್ಲ. ಮನೆಯ ಸೂರು ಚಾಚಿರುವುದರಿಂದ ಗುಡುಗು ಮಳೆಯ ಎರಚಲು ತಲುಪದು. ತೆರೆದ ಗೋಡೆಯಾಗಿದ್ದರೆ ಈ ತಿಂಗಳಲ್ಲಿ ಬರೆಯುವಂತಿರಲಿಲ್ಲ.

ಏಪ್ರಿಲ್ ಕೊನೆ, ಚಪ್ಪರ ಮತ್ತು ದೀಪ

ಚಪ್ಪರ 32 ಅಡಿ ಉದ್ದ, 24 ಅಡಿ ಅಗಲ. ತೋಟದಲ್ಲಿ ಗಾಳಿಗೆ ಬಿದ್ದಿದ್ದ ಅಡಿಕೆ ಮರಗಳೇ ಕಂಬಗಳಾದವು. ಮೇಲೆ ಬಿದಿರಿನ ಗಳ, ಅದರ ಮೇಲೆ ದಬ್ಬೆ, ಅದಕ್ಕೂ ಮೇಲೆ ಚಳಿಗಾಲದಿಂದ ಒಟ್ಟಿಟ್ಟಿದ್ದ ಒಣ ಅಡಿಕೆ ಗರಿ, ಅಂದರೆ ಸೋಗೆ. ಊರಿನವರು ಸೇರಿ ಕಟ್ಟಿದರು, ಕೂಲಿಗೆ ಬಂದವರಿಗೆ ಕೂಲಿ ಕೊಟ್ಟೆವು. ಸೋಗೆಯ ಚಪ್ಪರ ಬಿಸಿಲನ್ನು ತಡೆಯುತ್ತದೆಯೇ ಹೊರತು ಮಳೆಯನ್ನು ತಡೆಯದು. ಜೋರು ಮಳೆ ಬಂದರೆ ಎಳೆಯಲು ಒಂದು ಬದಿಯಲ್ಲಿ ಟಾರ್ಪಾಲು ಸುತ್ತಿಟ್ಟಿದ್ದೇವೆ. ಒಣ ಸೋಗೆ ಬೆಂಕಿಗೆ ಬೇಗ ಸಿಗುವ ವಸ್ತುವಾದ್ದರಿಂದ ಚಪ್ಪರದ ಕೆಳಗೆ ಪಟಾಕಿ, ತೆರೆದ ದೀವಟಿಗೆ ಯಾವುದೂ ಇಲ್ಲ. ಎಣ್ಣೆಯ ಕಾಲುದೀಪಗಳು ಜಗಲಿಯ ಮೇಲೆ, ಬಟ್ಟೆಯಿಂದ ದೂರದಲ್ಲಿ ಮಾತ್ರ. ನೀರು ತುಂಬಿದ ಕೊಡಗಳು ನಾಲ್ಕು ಮೂಲೆಗಳಲ್ಲಿವೆ.

ನಮ್ಮ ಹಣದ ಬಹುಪಾಲು ಬೆಳಕಿಗೆ ಹೋಗಿದೆ, ಹೋಗಬೇಕಾದದ್ದೂ ಅಲ್ಲಿಗೇ. ಸಂಜೆಯ ಸಮಾರಂಭದಲ್ಲಿ ಎಷ್ಟೇ ಹೂ ಕಟ್ಟಿದ್ದರೂ ಅದರ ಮೇಲೆ ಸರಿಯಾದ ಬೆಳಕು ಬೀಳದಿದ್ದರೆ ಪ್ರಯೋಜನವಿಲ್ಲ. ಸಾಮಾನ್ಯವಾಗಿ ಅಂಗಳಕ್ಕೆ ಹಾಕುವ ಬೆಳ್ಳನೆಯ ಟ್ಯೂಬಿನ ಬದಲು 9 ವಾಟಿನ ಹಳದಿ ಎಲ್‌ಇಡಿ ಬಲ್ಬುಗಳನ್ನು ಆರಿಸಿದೆವು. ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಎಂದಿರುವುದನ್ನು ನೋಡಿ ಕೊಳ್ಳಬೇಕು, 6500 ಕೆ ಎಂದಿರುವುದು ನೀಲಿ ಮಿಶ್ರಿತ ಬಿಳಿ. ಎರಡನ್ನೂ ಹಸೆಗೋಡೆಯ ಮುಂದೆ ಹಚ್ಚಿ ನೋಡಿದಾಗ ವ್ಯತ್ಯಾಸ ಸ್ಪಷ್ಟವಾಯಿತು. ಬಿಳಿ ಬೆಳಕಿನಲ್ಲಿ ಕೆಮ್ಮಣ್ಣು ಕಂದುಬಣ್ಣಕ್ಕೆ ಇಳಿಯಿತು, ಹಳದಿ ಬೆಳಕಿನಲ್ಲಿ ಅದು ಮಣ್ಣಿನ ನಿಜವಾದ ಕೆಂಪಾಗಿ ಉಳಿಯಿತು. ಚಪ್ಪರದಡಿ 24 ಬಲ್ಬುಗಳು, ಒಟ್ಟು 216 ವಾಟ್. ಒಂದು ಮಿಕ್ಸಿ ಎಳೆಯುವುದಕ್ಕಿಂತ ಕಡಿಮೆ. ಕರೆಂಟು ಹೋದರೆ ಮನೆಯ ಇನ್ವರ್ಟರೇ ಇಷ್ಟನ್ನು ತಾಳಿಕೊಳ್ಳುತ್ತದೆ. ಮದುಮಕ್ಕಳ ಮುಖಕ್ಕೆಂದು ಎರಡು ದೀಪಗಳನ್ನು ಎದುರಿನ ಕಂಬಗಳಿಗೆ ಎಂಟು ಅಡಿ ಎತ್ತರದಲ್ಲಿ, ಎಡಬಲದಿಂದ ಓರೆಯಾಗಿ ಬೀಳುವಂತೆ ಕಟ್ಟಿಸಿದ್ದೇನೆ. ನೇರ ಎದುರಿನಿಂದ ಬಿಟ್ಟರೆ ಅವರ ನೆರಳು ಚಿತ್ತಾರದ ಮೇಲೆ ಬೀಳುತ್ತದೆ. ವೈರಿಂಗನ್ನು ಮಾತ್ರ ನಾವು ಮಾಡಲಿಲ್ಲ. ಎಲೆಕ್ಟ್ರಿಷಿಯನ್ ಬಂದು, ಹೊರಗಿನ ಲೈನಿಗೆ ಪ್ರತ್ಯೇಕವಾಗಿ ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿ, ಜೋಡಣೆಗಳೆಲ್ಲ ನೆಲದಿಂದ ಮೇಲಿರುವಂತೆ ನೋಡಿಕೊಂಡರು. ಹಸಿ ಅಂಗಳದಲ್ಲಿ ಮಕ್ಕಳು ಓಡಾಡುವಾಗ ಈ ಖರ್ಚನ್ನು ಉಳಿಸುವ ಮಾತೇ ಇಲ್ಲ.

ಹಿಂದಿನ ದಿನ ಮತ್ತು ಆ ದಿನ

ಅಂಗಳವನ್ನು ಸಗಣಿಯಿಂದ ಸಾರಿಸಿದ್ದು ಹಿಂದಿನ ಬೆಳಿಗ್ಗೆ. ಮಾವಿನ ತೋರಣಕ್ಕೆ ಬಲಿತ ಕಡುಹಸಿರು ಎಲೆಗಳನ್ನೇ ಕೊಯ್ದೆವು, ತಾಮ್ರಬಣ್ಣದ ಎಳೆಯ ಎಲೆ ನೋಡಲು ಚೆಂದವಾದರೂ ಸಂಜೆಯೊಳಗೆ ಜೋಲುತ್ತದೆ. ಎಲೆಯನ್ನು ಹಗ್ಗದ ಮೇಲೆ ಮಡಿಸಿ ತೆಂಗಿನ ಗರಿಯ ಕಡ್ಡಿ ಚುಚ್ಚುತ್ತ ಹೋಗುವ ಈ ಕೆಲಸಕ್ಕೆ ನೆರೆಮನೆಯ ಮಕ್ಕಳೆಲ್ಲ ಕುಳಿತರು. ಬಾಗಿಲಿನ ಬಾಳೆಗೆ ಗೊನೆ ಬಲಿತ ಗಿಡಗಳನ್ನೇ ಆಯ್ದೆವು. ಬಾಳೆ ಒಂದೇ ಸಲ ಗೊನೆ ಬಿಡುವುದರಿಂದ ಹೇಗೂ ಕಡಿಯಬೇಕಾದ ಗಿಡ ಅದು, ಗೊನೆ ಮರುದಿನ ಮನೆಗೇ ಒದಗಿತು.

ಆ ದಿನ ಬೆಳಿಗ್ಗೆ ಚೆಂಡುಹೂ ಕೊಯ್ದು ಕಂಬಗಳಿಗೆ ಮಾಲೆ ಸುತ್ತಿದೆವು. ಪೇಟೆಯಿಂದ ತಂದದ್ದು ಮಲ್ಲಿಗೆ, ಸುಗಂಧರಾಜ ಮತ್ತು ಎರಡು ಹಾರಗಳು ಮಾತ್ರ. ಕುಂಬಾರರಿಂದ ತಂದ ಗಡಿಗೆಗಳಿಗೆ ಬಿಳಿಯ ಚುಕ್ಕಿಯಿಟ್ಟು ಜಗಲಿಯ ಮೆಟ್ಟಿಲಿನ ಎರಡೂ ಬದಿ ಜೋಡಿಸಿದೆವು. ಸಿಂಗಾರ ಎರಡೇ ಎರಡು. ಒಂದು ಸಿಂಗಾರ ಕೊಯ್ದರೆ ಒಂದು ಗೊನೆ ಅಡಿಕೆ ಕಳೆದಂತೆ, ಹಾಗಾಗಿ ಅದನ್ನು ಅಲಂಕಾರವೆಂದು ಎಲ್ಲೆಡೆ ತೂಗುಬಿಡುವುದು ನನಗೆ ಒಪ್ಪಿಗೆಯಿಲ್ಲ. ಅದರ ಹೊದಿಕೆಯಾದ ಹೊಂಬಾಳೆಯನ್ನು ಸೀಳದೆ ಇಟ್ಟುಕೊಂಡಿದ್ದು, ನಾಲ್ಕು ಗಂಟೆಗೆ ಬಿಡಿಸಿ ಹಸೆಗೋಡೆಯ ಇಕ್ಕೆಲದ ತಂಬಿಗೆಗಳಲ್ಲಿ ನಿಲ್ಲಿಸಿದೆವು.

ಐದೂವರೆಗೆ ಗಾಳಿಯೆದ್ದು ಹನಿ ಬಿತ್ತು. ಕೊಟ್ಟಿಗೆಯ ಕಡೆಯ ಸೀರೆಗಳು ಕದಲಿದವಾದರೂ ಬಿಚ್ಚಿಕೊಳ್ಳಲಿಲ್ಲ, ಟಾರ್ಪಾಲು ಎಳೆಯುವಷ್ಟು ಮಳೆಯೂ ಬರಲಿಲ್ಲ. ದೀಪ ಹಚ್ಚಿದ ಮೇಲೆ ಬಂದವರು ಜಗಲಿಯ ಬಳಿ ಹೆಚ್ಚು ಹೊತ್ತು ನಿಂತರು. ಬೀಗರ ಕಡೆಯ ಅಜ್ಜಿಯೊಬ್ಬರು ದೊಡ್ಡಮ್ಮನ ಕೈ ಹಿಡಿದು ಚಿತ್ತಾರದ ಒಂದೊಂದು ಎಳೆಯನ್ನೂ ಕೇಳಿ ತಿಳಿದುಕೊಂಡರು.

ಲೆಕ್ಕ

ಬಲ್ಬು, ಹೋಲ್ಡರ್, ವೈರು 5,200, ಎಲೆಕ್ಟ್ರಿಷಿಯನ್ನರಿಗೆ 1,500, ಚಪ್ಪರದ ಕೂಲಿ 3,600, ಹಗ್ಗ, ತಂತಿ, ಮೊಳೆ 900, ಕೊಂಡ ಹೂವು 2,300, ಗಡಿಗೆ 700, ದರ್ಜಿಗೆ 400. ಒಟ್ಟು 14,600 ರೂಪಾಯಿ. ದೊಡ್ಡಮ್ಮ ಹಣ ತೆಗೆದುಕೊಳ್ಳುವುದಿಲ್ಲವೆಂದು ಗೊತ್ತಿದ್ದುದರಿಂದ ಅಪ್ಪ ಅವರಿಗೆ ಸೀರೆ ಉಡುಗೊರೆ ಮಾಡಿದರು, ಅದು ಈ ಲೆಕ್ಕಕ್ಕೆ ಸೇರಿಲ್ಲ. ಮನೆಯವರ ದುಡಿಮೆಯೂ ಸೇರಿಲ್ಲ. ಬೇರೆಯವರು ಈ ಅಂಕಿಗಳನ್ನು ನೋಡುವಾಗ ಕೈಜೋಡಿಸುವ ಜನ ಎಷ್ಟಿದ್ದಾರೆಂಬುದನ್ನು ಮೊದಲು ಲೆಕ್ಕ ಹಾಕಿಕೊಳ್ಳಬೇಕು.

ಬಲ್ಬುಗಳ ಸರ ಪಕ್ಕದ ಮನೆಯ ಗೃಹಪ್ರವೇಶಕ್ಕೆ ಹೋಗಿದೆ. ಸೋಗೆ ಕೊಟ್ಟಿಗೆಯ ಹಾಸಿಗೆ, ಅಲ್ಲಿಂದ ಗೊಬ್ಬರದ ಗುಂಡಿಗೆ. ಗಳ ಮತ್ತು ದಬ್ಬೆಗಳನ್ನು ಮಳೆ ಹಿಡಿಯುವ ಮೊದಲು ಅಟ್ಟಕ್ಕೆ ಏರಿಸಬೇಕು, ಅದೊಂದು ಕೆಲಸ ಬಾಕಿಯಿದೆ.