ಬ್ರಿಗ್ಸ್ ವುಡ್ಸ್‌ನಲ್ಲಿ ಒಂದು ಮಳೆ ರಾತ್ರಿ

ಅಮೆರಿಕದ ಅಯೋವಾ ರಾಜ್ಯದಲ್ಲಿ ಹ್ಯಾಮಿಲ್ಟನ್ ಅಂತ ಒಂದು ಕೌಂಟಿ ಇದೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಆದರೆ ಇಡೀ ಕೌಂಟಿಯ ಜನಸಂಖ್ಯೆ ಸುಮಾರು 15 ಸಾವಿರ ಅಷ್ಟೇ. ನಮ್ಮ ಅರಸೀಕೆರೆ ಕಡೆ ಎರಡು-ಮೂರು ಗ್ರಾಮ ಪಂಚಾಯ್ತಿ ಸೇರಿಸಿದರೆ ಇಷ್ಟು ಜನ ಸಿಗುತ್ತಾರೆ. ಕಾರಿನಲ್ಲಿ ಹೋಗುವಾಗ ರಸ್ತೆಯ ಎರಡೂ ಕಡೆ ಮುಸುಕಿನ ಜೋಳ. ಅದು ಮುಗಿದರೆ ಸೋಯಾ. ಸೋಯಾ ಮುಗಿದರೆ ಮತ್ತೆ ಮುಸುಕಿನ ಜೋಳ. ಒಂದು ಬೇಲಿ ಇಲ್ಲ, ಹೊಲದಲ್ಲಿ ಒಬ್ಬ ಮನುಷ್ಯ ಇಲ್ಲ. ದೂರದಲ್ಲಿ ಗಾಳಿಯಂತ್ರಗಳು ಮಾತ್ರ ತಿರುಗುತ್ತಿದ್ದವು.

ಏಮ್ಸ್ ಊರಿನಲ್ಲಿ ನಮ್ಮ ಮಗಳ ಮನೆ. ಅಲ್ಲಿಂದ ಉತ್ತರಕ್ಕೆ ಒಂದು ಗಂಟೆ ಹೋದರೆ ವೆಬ್‌ಸ್ಟರ್ ಸಿಟಿ, ಅದರ ಪಕ್ಕದಲ್ಲೇ ಬ್ರಿಗ್ಸ್ ವುಡ್ಸ್ ಪಾರ್ಕು. ಜುಲೈ ತಿಂಗಳು, ಶನಿವಾರ. ಮೊಮ್ಮಗನಿಗೆ ಟೆಂಟಿನಲ್ಲಿ ಮಲಗುವ ಆಸೆ. "ತಾತಾ, ನೀನೂ ಬರ್ಬೇಕು" ಅಂತ ಹಟ. ಅಳಿಯಂದಿರು "ಮಾವ, ನಿಮಗೆ ಗಾಳಿ ಹಾಸಿಗೆ ಹಾಕ್ತೀನಿ, ಸೊಂಟಕ್ಕೇನೂ ಆಗಲ್ಲ" ಅಂದರು. ನಮ್ಮಾಕೆ ಮಾತ್ರ "ಮನೆ ಇಟ್ಕೊಂಡು ಬಯಲಲ್ಲಿ ಮಲಗೋದು ಯಾವ ಸುಖ?" ಅಂತ ಗೊಣಗುತ್ತಲೇ ಒಂದು ಡಬ್ಬಿ ಕೋಡುಬಳೆ, ಪುಳಿಯೋಗರೆ ಗೊಜ್ಜು, ಮೊಸರು ಎಲ್ಲ ಕಟ್ಟಿಕೊಂಡು ಹೊರಟಳು.

ನಾನು ಮೂವತ್ತು ವರ್ಷದ ಮೇಲೆ ಪಂಚಾಯ್ತಿ ಸೆಕ್ರೆಟರಿ ಆಗಿದ್ದವನು. ಯಾವ ಊರಿಗೆ ಹೋದರೂ ಕಣ್ಣು ಮೊದಲು ಹೋಗುವುದು ಚರಂಡಿ, ಕಸದ ಡಬ್ಬಿ, ಬೀದಿದೀಪದ ಕಡೆಗೆ. ನಿವೃತ್ತಿ ಆದರೂ ಈ ಚಾಳಿ ಹೋಗಿಲ್ಲ. ಪಾರ್ಕಿಗೆ ಗೇಟೂ ಇಲ್ಲ, ಟಿಕೆಟ್ಟೂ ಇಲ್ಲ. ಸುಮ್ನೆ ಒಳಗೆ ಹೋಗುವುದು. ರಾತ್ರಿ ಉಳಿಯುವವರು ಮಾತ್ರ ದುಡ್ಡು ಕಟ್ಟಬೇಕು. ಒಂದು ಕೆರೆ, ಮೀನು ಹಿಡಿಯಲು ಕಟ್ಟೆ, ಮಕ್ಕಳ ಉಯ್ಯಾಲೆ, ಓಕ್ ಮರಗಳ ಕಾಡು. ಪಕ್ಕದಲ್ಲಿ ಬೂನ್ ನದಿ. ಉಯ್ಯಾಲೆಯ ಕೆಳಗೆ ಗೇಣು ದಪ್ಪಕ್ಕೆ ಮರದ ಚೂರು ಸುರಿದಿದ್ದರು. ಮಗು ಬಿದ್ದರೆ ಮೊಣಕಾಲು ತರಚಬಾರದು ಅಂತ. ಬಗ್ಗಿ ಕೈಹಾಕಿ ನೋಡಿದೆ. ಮೇಲಿನದು ಹೊಸದು, ಕೆಳಗಿನದು ಹಳೇದು. ಅಂದರೆ ಯಾರೋ ಆಗಾಗ ತಂದು ಸುರಿಯುತ್ತಾರೆ.

ಇನ್ನೊಂದು ವಿಚಿತ್ರ, ಅಲ್ಲೊಂದು ಗಾಲ್ಫ್ ಮೈದಾನವೂ ಇತ್ತು. ಅದೂ ಕೌಂಟಿಯದೇ. ನಮ್ಮಲ್ಲಿ ಗಾಲ್ಫ್ ಅಂದರೆ ಮೆಂಬರ್‌ಶಿಪ್ ಇರುವ ದೊಡ್ಡವರ ಆಟ, ಹೊರಗಿನವರನ್ನು ಗೇಟಿನಲ್ಲೇ ವಾಚ್‌ಮನ್ ತಡೆಯುತ್ತಾನೆ. ಇಲ್ಲಿ ಬೀಜದ ಕಂಪನಿ ಟೋಪಿ ಹಾಕಿಕೊಂಡ ರೈತರು, ಮಣ್ಣು ಮೆತ್ತಿದ ಪಿಕಪ್ ಗಾಡಿ ನಿಲ್ಲಿಸಿ, ದುಡ್ಡು ಕೊಟ್ಟು ಆಡಿ ಹೋಗುತ್ತಿದ್ದರು. ಜಿಲ್ಲಾ ಪಂಚಾಯ್ತಿಯವರು ಗಾಲ್ಫ್ ಕೋರ್ಸ್ ನಡೆಸೋದನ್ನ ಒಂದು ಸಲ ಯೋಚನೆ ಮಾಡಿ ನೋಡಿ. ನನಗಂತೂ ನಗು ತಡೆಯಲಾಗಲಿಲ್ಲ.

ಟೆಂಟು ಹಾಕುವ ಜಾಗಕ್ಕೆ ಬಂದರೆ ನಮ್ಮದೇ ಬಡಪಾಯಿ ಟೆಂಟು. ಸುತ್ತಮುತ್ತ ಎಲ್ಲ ಆರ್‌ವಿಗಳು, ಅಂದರೆ ಗಾಡಿಗೆ ಕಟ್ಟಿಕೊಂಡು ಬರುವ ಮನೆಗಳು. ಒಳಗೆ ಎಸಿ, ಟಿವಿ, ಫ್ರಿಜ್. ಹೊರಗೆ ಕರೆಂಟ್ ಪೆಟ್ಟಿಗೆಗೆ ವೈರ್ ಚುಚ್ಚಿದರೆ ಆಯಿತು. ಮನೆಯನ್ನೇ ಎಳೆದುಕೊಂಡು ಬಂದು ಕಾಡು ನೋಡುವುದು ಯಾಕೋ ನನಗೆ ಹಿಡಿಸಲಿಲ್ಲ. ರಾತ್ರಿ ಆದ ಮೇಲೆ ಅಭಿಪ್ರಾಯ ಸ್ವಲ್ಪ ಬದಲಾಯಿತು, ಅದು ಬೇರೆ ವಿಷಯ.

ಸಂಜೆ ಕ್ಯಾಂಪ್ ನೋಡಿಕೊಳ್ಳುವ ಅಜ್ಜ ಬಂದರು. ನನಗಿಂತ ದೊಡ್ಡವರು, ಎಪ್ಪತ್ತೈದರ ಮೇಲೆ ಇರಬೇಕು. ಗಂಡ ಹೆಂಡತಿ ಇಬ್ಬರೂ ಬೇಸಿಗೆ ಪೂರ್ತಿ ತಮ್ಮ ಆರ್‌ವಿಯಲ್ಲಿ ಅಲ್ಲೇ ಇರುತ್ತಾರಂತೆ. ಜಾಗಕ್ಕೆ ಬಾಡಿಗೆ ಇಲ್ಲ, ಅದರ ಬದಲು ಬಂದವರನ್ನು ವಿಚಾರಿಸುವುದು, ಒಲೆಯ ಬೂದಿ ತೆಗೆಯುವುದು, ಶೌಚಾಲಯದಲ್ಲಿ ಪೇಪರ್ ಇದೆಯಾ ನೋಡುವುದು ಇವರ ಕೆಲಸ. ಮೊದಲು ಕೇಳಿದ್ದು ಸೌದೆ ಎಲ್ಲಿಂದ ತಂದಿರಿ ಅಂತ. ಅಳಿಯಂದಿರು ಬರುವ ದಾರಿಯಲ್ಲೇ ಕೊಂಡಿದ್ದರು, ಹಾಗಾಗಿ ಬಚಾವ್. ದೂರದ ಸೌದೆ ತರಬಾರದಂತೆ. ಆಶ್ ಅನ್ನುವ ಮರವನ್ನು ತಿನ್ನುವ ಹಸಿರು ಹುಳ ಒಂದು ಏಷ್ಯಾದಿಂದ ಬಂದು ಸೇರಿಕೊಂಡಿದೆ. ಅಯೋವಾದಲ್ಲಿ ಅದು ಮೊದಲು ಕಂಡದ್ದು 2010ರಲ್ಲಿ. ಸೌದೆಯ ತೊಗಟೆ ಒಳಗೆ ಕೂತು ಊರೂರು ಸುತ್ತುತ್ತದೆ. ಅಜ್ಜ ಕೈ ತೋರಿಸಿದ ಕಡೆ ಮರಗಳ ಬುಡ ಮಾತ್ರ ಉಳಿದಿದ್ದವು, ಮಧ್ಯೆ ಹೊಸ ಸಸಿಗಳಿಗೆ ತಂತಿ ಬಲೆ ಸುತ್ತಿದ್ದರು, ಜಿಂಕೆ ಮೇಯದಿರಲಿ ಅಂತ.

ಇದಕ್ಕೆಲ್ಲ ದುಡ್ಡು ಯಾರು ಕೊಡುತ್ತಾರೆ ಅಂತ ಕೇಳಿದೆ. ಮಗಳು ಮಧ್ಯೆ ಕೂತು ತರ್ಜುಮೆ ಮಾಡಿದಳು. "ಅಪ್ಪಾ, ಇಲ್ಲೂ ಶುರುನಾ?" ಅಂತ ಮುಖ ಸಿಂಡರಿಸಿದಳು ಕೂಡ. ವಿಷಯ ಇಷ್ಟು. 1955ರಲ್ಲಿ ಅಯೋವಾದಲ್ಲಿ ಒಂದು ಕಾನೂನು ಬಂತು. ಕೌಂಟಿಯ ಜನ ಓಟು ಹಾಕಿ ಬೇಕು ಅಂದರೆ ಪಾರ್ಕು, ಕಾಡು, ಕೆರೆ ನೋಡಿಕೊಳ್ಳಲು ಒಂದು ಮಂಡಳಿ ಮಾಡಿಕೊಳ್ಳಬಹುದು. ಐದು ಜನ ಸದಸ್ಯರು, ತಲಾ ಐದು ವರ್ಷ. ಸಂಬಳ ಇಲ್ಲ, ಖರ್ಚು ಮಾತ್ರ ಕೊಡುತ್ತಾರೆ. ಈಗ 99 ಕೌಂಟಿಗಳಲ್ಲೂ ಇಂಥ ಮಂಡಳಿ ಇದೆ. ಮನೆ, ಜಮೀನಿನ ತೆರಿಗೆಯಲ್ಲಿ ಒಂದು ಪಾಲು, ಕ್ಯಾಂಪು, ಗಾಲ್ಫಿನಿಂದ ಬರುವ ದುಡ್ಡು, ರಾಜ್ಯದ ಸ್ವಲ್ಪ ಸಹಾಯ, ಇಷ್ಟರಲ್ಲಿ ನಡೆಯುತ್ತದೆ.

ನನಗೆ ನೆನಪಾಗಿದ್ದು ನಮ್ಮ ಒಂದು ಪಂಚಾಯ್ತಿಯ ಪಾರ್ಕು. ಉದ್ಯೋಗ ಖಾತ್ರಿಯಲ್ಲಿ ಕೆಲಸ ಆಯಿತು, ಸುತ್ತ ಗೋಡೆ ಬಂತು, ಇನ್ನೊಂದು ಅನುದಾನದಲ್ಲಿ ವ್ಯಾಯಾಮದ ಸಲಕರಣೆ ಬಂದವು. ಟೇಪ್ ಕತ್ತರಿಸಿ, ಫೋಟೋ ತೆಗೆದು ಎಲ್ಲರೂ ಹೋದರು. ಆಮೇಲೆ ಗಿಡಕ್ಕೆ ನೀರು ಹಾಕುವವನ ಸಂಬಳ ಯಾವ ಲೆಕ್ಕದಲ್ಲಿ ಬರೆಯುವುದು ಅಂತ ಯಾರಿಗೂ ತಿಳಿಯಲಿಲ್ಲ. ಮಾಡಲು ದುಡ್ಡು ಬರುತ್ತದೆ, ನೋಡಿಕೊಳ್ಳಲು ಬರುವುದಿಲ್ಲ. ಎರಡು ಬೇಸಿಗೆಯಲ್ಲಿ ಗಿಡ ಒಣಗಿದವು, ಸಲಕರಣೆಯ ಮೇಲೆ ಜನ ಬಟ್ಟೆ ಒಣಹಾಕುತ್ತಿದ್ದರು. ಜನರನ್ನು ಬೈಯುವುದು ಸುಲಭ. ಪಾರ್ಕಿಗೆ ಅಂತಲೇ ವರ್ಷಾ ವರ್ಷ ಬರುವ ಒಂದು ಸಾಲು ಬಜೆಟ್ಟಿನಲ್ಲಿ ಇರಬೇಕಲ್ವಾ?

ಒಂಬತ್ತು ಗಂಟೆಯಾದರೂ ಆಕಾಶದಲ್ಲಿ ಬೆಳಕಿತ್ತು. ಹುಲ್ಲಿನ ತುಂಬ ಮಿಂಚುಹುಳ. ಊಟ ಮುಗಿಸಿ ಮಲಗಿದೆವು. ಎಷ್ಟು ಹೊತ್ತಾಗಿತ್ತೋ, ಎಲ್ಲರ ಫೋನೂ ಒಟ್ಟಿಗೆ ಕಿರುಚಿಕೊಂಡವು. ಬಿರುಗಾಳಿ ಎಚ್ಚರಿಕೆ. ಎದ್ದು ಜಿಪ್ ತೆಗೆದರೆ ಪಶ್ಚಿಮದ ಕಡೆ ಆಕಾಶ ನಿಲ್ಲದೆ ಮಿಂಚುತ್ತಿತ್ತು, ಗುಡುಗಿನ ಸದ್ದು ಮಾತ್ರ ಇನ್ನೂ ಬಂದಿರಲಿಲ್ಲ. ಅಜ್ಜ ಟಾರ್ಚ್ ಹಿಡಿದು ಓಡುತ್ತಾ ಬಂದರು. ಆ ವಯಸ್ಸಿನಲ್ಲಿ ಓಟ! "ಟೆಂಟು ಹಾಳಾಗಿ ಹೋಗಲಿ, ನೀವು ನಡೀರಿ" ಅನ್ನುವ ಅರ್ಥದಲ್ಲಿ ಏನೋ ಕೂಗಿದರು. ಸ್ನಾನದ ಮನೆ ಕಟ್ಟಡದ ಕಡೆ ಎಲ್ಲರೂ ಹೊರಟೆವು.

ಸಿಮೆಂಟ್ ಇಟ್ಟಿಗೆಯ ಗಟ್ಟಿ ಕಟ್ಟಡ. ನಾವು ಒಳಗೆ ಹೋಗಿ ಬಾಗಿಲು ಹಾಕುವಷ್ಟರಲ್ಲಿ ಗಾಳಿ ಬಂದೇ ಬಿಟ್ಟಿತು. ಒಳಗೆ ಸುಮಾರು ಮೂವತ್ತು ಜನ, ನಾಯಿಗಳು, ಪೈಜಾಮದ ಮಕ್ಕಳು. ಒಬ್ಬಾಕೆ ಬೆಕ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಆರ್‌ವಿಯವರೂ ಬಂದಿದ್ದರು, ಚಕ್ರದ ಮೇಲಿನ ಮನೆ ಗಾಳಿಗೆ ಮಗುಚುತ್ತದಂತೆ. ಕರೆಂಟು ಹೋಯಿತು. ಫೋನಿನ ಬೆಳಕಿನಲ್ಲಿ ಒಬ್ಬೊಬ್ಬರ ಮುಖ ಕಾಣುತ್ತಿತ್ತು. ಹೊರಗೆ ಕೊಂಬೆ ಮುರಿಯುವ ಲಟಲಟ ಸದ್ದು. ಮೊಮ್ಮಗ ನನ್ನ ಪಂಚೆ ಗಟ್ಟಿಯಾಗಿ ಹಿಡಿದಿದ್ದ. ಅದು ಕಳಚಿಕೊಂಡರೆ ಅನ್ನುವುದೇ ಆಗ ನನ್ನ ದೊಡ್ಡ ಭಯ.

ಪಕ್ಕದಲ್ಲಿ ಮಾರ್ಷಲ್‌ಟೌನ್ ಊರಿನ ದಂಪತಿ ಇದ್ದರು. 2018ರ ಜುಲೈನಲ್ಲಿ ಅವರ ಊರಿಗೆ ಸುಂಟರಗಾಳಿ ಹೊಡೆದು ಕೋರ್ಟ್ ಕಟ್ಟಡದ ಗೋಪುರದ ತುದಿಯೇ ಬಿದ್ದಿತ್ತು. ಎರಡು ವರ್ಷ ಕಳೆದು, 2020ರ ಆಗಸ್ಟ್ 10ರಂದು ಡೆರೇಚೋ ಅನ್ನುವ ದೊಡ್ಡ ಬಿರುಗಾಳಿ ಮತ್ತೆ ಅದೇ ಊರಿನ ಮೇಲೆ ಹಾದುಹೋಯಿತು. ಅಯೋವಾದ ಮಧ್ಯಭಾಗದಲ್ಲಿ ಆ ದಿನದ ಮಾತು ಎತ್ತದವರೇ ಇಲ್ಲ. ಏಮ್ಸ್‌ನಲ್ಲಿ ನಮ್ಮ ಮಗಳ ಮನೆಗೂ ಆಗ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಆ ದಂಪತಿಯಲ್ಲಿ ಗಂಡ ತಮ್ಮ ಊರಿನ ಕತೆಯೆಲ್ಲ ಹೇಳುತ್ತಿದ್ದುದು ಮಳೆ ಬೆಳೆ ಮಾತಾಡುವ ಹಾಗೆ, ನಿಧಾನವಾಗಿ. ಅಷ್ಟರಲ್ಲಿ ನಮ್ಮಾಕೆ ಸೆರಗಿನ ಮರೆಯಿಂದ ಡಬ್ಬಿ ತೆಗೆದಳು. ಟೆಂಟು, ಹಾಸಿಗೆ ಎಲ್ಲ ಬಿಟ್ಟು ಓಡಿಬಂದವಳು ಕೋಡುಬಳೆ ಡಬ್ಬಿ ಮಾತ್ರ ಬಿಟ್ಟಿರಲಿಲ್ಲ!

ಡಬ್ಬಿ ಕೈಯಿಂದ ಕೈಗೆ ಹೋಯಿತು. "ಖಾರನಾ?" ಅಂತ ಕೇಳಿ ಕೇಳಿ ತೆಗೆದುಕೊಂಡರು. ಒಂದು ಮಗು ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡಿತು. ಒಂದು ನಾಯಿ ಕೆಳಗೆ ಬಿದ್ದಿದ್ದನ್ನು ತಿಂದು ಸೀನಿತು. ಅದನ್ನು ನೋಡಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಗಾಳಿ ನಿಂತದ್ದು ಯಾವಾಗ ಅಂತ ಗಮನಕ್ಕೇ ಬರಲಿಲ್ಲ.

ಬೆಳಗ್ಗೆ ಎದ್ದು ನೋಡಿದರೆ ನಮ್ಮ ಟೆಂಟು ಪಕ್ಕದ ಜಾಗದಲ್ಲಿ ಮಕಾಡೆ ಬಿದ್ದಿತ್ತು. ದೊಡ್ಡ ಓಕ್ ಕೊಂಬೆಯೊಂದು ದಾರಿಗೆ ಅಡ್ಡ. ಏಳು ಗಂಟೆಗೆಲ್ಲ ಕೌಂಟಿಯ ಪಿಕಪ್ ಬಂತು. ಭಾನುವಾರ, ನೆನಪಿರಲಿ. ಇಬ್ಬರು ಇಳಿದು ಗರಗಸ ಶುರು ಮಾಡಿದರು. ಕ್ಯಾಂಪಿನವರು ಹೋಗಿ ಸಣ್ಣ ಕೊಂಬೆ ಎಳೆದು ಒಂದು ಕಡೆ ಹಾಕತೊಡಗಿದರು. ಯಾರೂ ಕರೆಯಲಿಲ್ಲ. ನಾನೂ ಪಂಚೆ ಎತ್ತಿ ಕಟ್ಟಿ ಸೇರಿಕೊಂಡೆ. ಅಜ್ಜ ನನಗೆ ಒಂದು ಜೊತೆ ಗ್ಲೌಸ್ ಕೊಟ್ಟು, ಮೂರು ಮೂರು ಎಲೆಯ ಒಂದು ಬಳ್ಳಿ ತೋರಿಸಿ ಮುಟ್ಟಬೇಡಿ ಅಂದರು. ಪಾಯಿಸನ್ ಐವಿ, ತಗುಲಿದರೆ ಮೈಯೆಲ್ಲ ತುರಿಕೆ.

ಎಲ್ಲವೂ ಹೊಗಳುವಂಥದ್ದೇ ಅಂತ ತಿಳಿಯಬೇಡಿ. ಕಾರಿಲ್ಲದವರು ಈ ಪಾರ್ಕಿಗೆ ಬರುವ ದಾರಿ ನನಗೆ ಕಾಣಲಿಲ್ಲ. ಒಂದು ಕಾಲಕ್ಕೆ ಅಯೋವಾದ ಹೆಚ್ಚುಭಾಗ ಆಳೆತ್ತರದ ಹುಲ್ಲುಗಾವಲೇ ಆಗಿತ್ತು. ಈಗ ಉಳಿದಿರುವುದು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಮಿಕ್ಕಿದ್ದೆಲ್ಲ ಹೊಲ. ನಮ್ಮ ಗೋಮಾಳ, ಗುಂಡುತೋಪು ಒತ್ತುವರಿಯಾದ ಕತೆ ಬಲ್ಲವನಿಗೆ ಇದೇನು ಹೊಸದಲ್ಲ. ಉಳಿದ ಚೂರನ್ನು ಸರ್ವೆ ಮಾಡಿ, ಒಬ್ಬರ ಹೆಸರಿಗೆ ಜವಾಬ್ದಾರಿ ಕಟ್ಟಿ, ಸಂಬಳ ಕೊಟ್ಟಿದ್ದಾರೆ. ಇವರು ಜಾಸ್ತಿ ಮಾಡಿರುವುದು ಅಷ್ಟೇ, ಆದರೆ ಅದು ಸಣ್ಣದಲ್ಲ.

ಟೆಂಟಿನ ಕಂಬ ಎರಡು ಮುರಿದಿದ್ದವು. ಒದ್ದೆ ಬಟ್ಟೆಯೆಲ್ಲ ಡಿಕ್ಕಿಗೆ ತುಂಬಿ ಹೊರಟೆವು. ಗಾಲ್ಫ್ ಮೈದಾನದ ಹತ್ತಿರ ಬಂದರೆ ಹುಲ್ಲಿನಲ್ಲಿ ಇನ್ನೂ ನೀರು ನಿಂತಿದೆ, ಎಲೆ ಉದುರಿ ಬಿದ್ದಿದೆ, ಆಗಲೇ ನಾಲ್ಕು ಜನ ಕೋಲು ಹಿಡಿದು ನಿಂತಿದ್ದಾರೆ. ನಮ್ಮಾಕೆ ಕಾರಿನ ಕಿಟಕಿ ಇಳಿಸಿ ನೋಡಿ, "ರಾತ್ರಿ ಅಷ್ಟು ಗಾಳಿ ಬಂದಿದೆ, ಇವರಿಗೆ ಮನೆ ಹೆಂಚು ನೋಡೋ ಕೆಲಸ ಇಲ್ವಾ?" ಅಂದಳು.