ಪಾರಿವಾಳದ ಡಿಕಾಯ್‌ಗೆ ಯಾವ ಸೆಟ್ ಕೊಳ್ಳಲಿ ಎಂದು ಕೇಳುವವರಿಗೆ

ಇಂಗ್ಲೆಂಡಿನ ಲಿಂಕನ್‌ಷೈರ್‌ನಲ್ಲಿ ನೆಲೆಸಿ, ಹನ್ನೊಂದು ವರ್ಷಗಳಿಂದ ಅಲ್ಲಿನ ರೈತರ ಹೊಲಗಳಲ್ಲಿ ಕಾಡುಪಾರಿವಾಳಗಳನ್ನು ಹುಸಿ ಹಕ್ಕಿಗಳಿಂದ ಸೆಳೆದು ಹೊಡೆಯುತ್ತಿರುವ ನನಗೆ ಯುಗಾದಿಯ ಊಟದ ಪಂಕ್ತಿಯಲ್ಲಿಯೂ ಒಂದೇ ಪ್ರಶ್ನೆ ಎದುರಾಗುತ್ತದೆ: "ಸರ್, ಕಡಿಮೆ ಖರ್ಚಿನಲ್ಲಿ ಡಿಕಾಯ್ ಶುರುಮಾಡಬೇಕು, ಒಂದು ಸೆಟ್ ಹೇಳಿಬಿಡಿ." ಸೆಟ್ ಎಂಬ ಆ ಮಾತೇ ನನಗೆ ಸಿಟ್ಟು ತರಿಸುತ್ತದೆ. ಮದುವೆಗೆ ಉಡುಗೊರೆ ಕೊಡುವ ಸ್ಟೀಲ್ ಪಾತ್ರೆಗಳಂತೆ ಇದು ಪೆಟ್ಟಿಗೆಯಲ್ಲಿ ಬರುವುದಿಲ್ಲ, ಬಂದರೂ ಕೊಳ್ಳಬೇಡಿ.

ಚಳಿಗಾಲದಲ್ಲಿ ಸಾಸಿವೆ ಜಾತಿಯ ರೇಪ್ ಎಂಬ ಎಣ್ಣೆಕಾಳು ಬೆಳೆಯ ಎಲೆಗಳನ್ನು, ವಸಂತದಲ್ಲಿ ಬಟಾಣಿಯ ಮೊಳಕೆಯನ್ನು, ಬೇಸಿಗೆಯಲ್ಲಿ ಗಾಳಿಮಳೆಗೆ ಒರಗಿದ ಬಾರ್ಲಿಯನ್ನು ಹಿಂಡುಹಿಂಡಾಗಿ ತಿನ್ನುವ ಈ ಹಕ್ಕಿಗಳನ್ನು, ತಮ್ಮವರೇ ಕೆಳಗೆ ಮೇಯುತ್ತಿದ್ದಾರೆಂದು ನಂಬಿಸಿ ಕೋವಿಯ ಅಳತೆಗೆ ಇಳಿಸುವುದೇ ಡಿಕಾಯ್. ಬೇಟೆಯ ಮೃಗವನ್ನು ಸೆಳೆಯಲು ಕಟ್ಟುವ ಮೃಗಕ್ಕೆ ಹಳಗನ್ನಡದಲ್ಲಿ ದೀವ ಎಂಬ ಹೆಸರಿದೆ. ಇಲ್ಲಿ ಜೀವಂತ ಹಕ್ಕಿಯನ್ನು ಹಾಗೆ ಕಟ್ಟುವುದನ್ನು 1981ರ ವನ್ಯಜೀವಿ ಕಾಯ್ದೆ ನಿಷೇಧಿಸಿದೆ. ಆದ್ದರಿಂದ ನಮ್ಮ ದೀವಗಳು ಪ್ಲಾಸ್ಟಿಕ್ಕಿನವು, ಇಲ್ಲವೇ ಆಗಲೇ ಹೊಡೆದ ಹಕ್ಕಿಗಳು.

ಕೆಲವು ವರ್ಷಗಳ ಹಿಂದೆ ಫೆಬ್ರವರಿಯ ಒಂದು ಬೆಳಿಗ್ಗೆ ಪರಿಚಯದವರೊಬ್ಬರು ನನ್ನೊಂದಿಗೆ ಬಂದರು. ಶಾಟ್‌ಗನ್ ಸರ್ಟಿಫಿಕೇಟ್ ಕೈಸೇರಿದ ವಾರದಲ್ಲೇ ಅವರು ನಾನೂರು ಪೌಂಡಿಗೂ ಹೆಚ್ಚು ಸುರಿದು ಮೂವತ್ತು ಹುಸಿ ಹಕ್ಕಿಗಳನ್ನು, ರೆಕ್ಕೆ ಬಡಿಯುವ ಒಂದು ಯಂತ್ರವನ್ನು, ಎರಡು ಹಕ್ಕಿಗಳನ್ನು ಗಿರಗಿರನೆ ತಿರುಗಿಸುವ ಮ್ಯಾಗ್ನೆಟ್ ಎಂಬ ಇನ್ನೊಂದು ಯಂತ್ರವನ್ನು, ಅದಕ್ಕೆ ಬೇಕಾದ ಹನ್ನೆರಡು ವೋಲ್ಟ್ ಬ್ಯಾಟರಿಯನ್ನು ಕೊಂಡಿದ್ದರು. ಕಾರಿನಿಂದ ಹೊಲದ ಅಂಚಿಗೆ ನಾವಿಬ್ಬರೂ ಮೂರು ಸಲ ಹೊತ್ತೆವು. ಎಲ್ಲವನ್ನೂ ಜೋಡಿಸುವ ಹೊತ್ತಿಗೆ ತುಂತುರು ಮಳೆ ಹಿಡಿಯಿತು. ಹೊಳಪು ಬಣ್ಣದ ಪ್ಲಾಸ್ಟಿಕ್ ಬೆನ್ನುಗಳ ಮೇಲೆ ಹನಿಗಳು ಕೂಡಿಕೊಂಡು, ಒಂದೊಂದು ಹಕ್ಕಿಯೂ ತೊಳೆದಿಟ್ಟ ಗಾಜಿನ ಲೋಟದಂತೆ ಮಿನುಗಲಾರಂಭಿಸಿತು. ಪಾರಿವಾಳಗಳು ಬಂದವು, ಅರವತ್ತು ಗಜ ದೂರದಲ್ಲಿ ಒಮ್ಮೆಗೇ ಮಗ್ಗುಲು ಹೊರಳಿಸಿ ಹಿಂದಿರುಗಿದವು. ಹನ್ನೊಂದು ಗಂಟೆಯವರೆಗೆ ಒಂದು ತೋಟಾ ಕೂಡ ಹಾರಲಿಲ್ಲ. ಇನ್ನೂ ಒಳ್ಳೆಯ ಮ್ಯಾಗ್ನೆಟ್ ಕೊಳ್ಳಬೇಕಿತ್ತೇನೋ ಎಂದು ಅವರು ಕೇಳಿದರು. ಹಕ್ಕಿಗಳು ಎಲ್ಲಿಗೆ ಹೋಗುತ್ತಿವೆ ಎಂಬುದನ್ನು ಮಾತ್ರ ಕೇಳಲಿಲ್ಲ.

ನನಗೆ ಬೇಕಾದ ಪ್ರಶ್ನೆ ಅದೇ. ಅವು ಹೋಗುತ್ತಿದ್ದುದು ಇನ್ನೂರು ಗಜ ಆಚೆ, ಬೇಲಿಸಾಲಿನ ತುದಿಯಲ್ಲಿದ್ದ ಓಕ್ ಮರಕ್ಕೆ. ಅಲ್ಲಿ ಕುಳಿತು ಸುತ್ತ ನೋಡಿ, ಅದರ ಕೆಳಗಿನ ಮೂಲೆಯಲ್ಲಿ ಇಳಿಯುತ್ತಿದ್ದವು. ಪಾರಿವಾಳಕ್ಕೆ ಬೇಲಿ, ಹಳ್ಳ, ಮರದ ಸಾಲುಗಳನ್ನು ಹಿಡಿದು ಹೋಗುವ ತನ್ನದೇ ದಾರಿಯಿದೆ, ಗಾಳಿ ತಿರುಗಿದರೆ ದಾರಿಯೂ ತಿರುಗುತ್ತದೆ. ಅದನ್ನು ಹಿಂದಿನ ದಿನ ಎರಡು ಗಂಟೆ ನಿಂತು ನೋಡಲು ಬೇಕಾಗುವುದು ಒಂದು ಹಳೆಯ ದುರ್ಬೀನು, ಅಷ್ಟೆ. ನಾವು ಯಂತ್ರಗಳನ್ನು ಬಿಟ್ಟು ಆ ಮೂಲೆಗೆ ಹೋದೆವು. ಆರೇ ಹುಸಿ ಹಕ್ಕಿಗಳನ್ನು ಒರೆಸಿ, ಮೇಲೆ ಒದ್ದೆ ಮಣ್ಣು ಸವರಿ, ನಾವು ಅಡಗಿ ಕೂರುವ ಮರೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ನಡುವೆ ಇಳಿಯಲು ಜಾಗ ಬಿಟ್ಟು, ಹೆಚ್ಚುಕಡಿಮೆ ಗಾಳಿಗೆ ಮುಖಮಾಡಿ ಕುದುರೆಲಾಳದ ಆಕಾರದಲ್ಲಿ ಇಟ್ಟೆವು. ಹೊಡೆದ ಮೊದಲ ಹಕ್ಕಿಗಳನ್ನೂ ಕಡ್ಡಿಯಿಂದ ತಲೆ ಎತ್ತಿ ನಿಲ್ಲಿಸಿ, ಕೊರಳಿನ ಬಿಳಿ ಪಟ್ಟಿ ಕಾಣುವಂತೆ ಸೇರಿಸಿದೆವು. ಸಂಜೆಗೆ ಹತ್ತೊಂಬತ್ತು ಹಕ್ಕಿಗಳಾದವು. ಒಂದರ ಗಂಟಲ ಚೀಲ ಬಿಚ್ಚಿ ತೋರಿಸಿದೆ: ಅದರ ತುಂಬ ರೇಪ್ ಎಲೆಯ ಹಸಿರು ಚೂರುಗಳು, ಕೈಗೆ ಇನ್ನೂ ಬೆಚ್ಚಗೆ. ರೈತನ ನಷ್ಟವೂ ನಾಳೆ ಎಲ್ಲಿ ಕೂರಬೇಕೆಂಬ ಉತ್ತರವೂ ಆ ಚೀಲದಲ್ಲೇ ಇರುತ್ತದೆ.

ಪಾರಿವಾಳ ಹೊಡೆಯುವುದನ್ನೇ ವೃತ್ತಿಯಾಗಿಸಿಕೊಂಡಿದ್ದ ಹ್ಯಾಂಪ್‌ಷೈರ್‌ನ ಮೇಜರ್ ಆರ್ಚೀ ಕೋಟ್ಸ್ 1962ರಲ್ಲಿ ಒಂದೇ ದಿನ 550 ಕಾಡುಪಾರಿವಾಳಗಳನ್ನು ಹೊಡೆದಾಗ ಬ್ಯಾಟರಿಯ ಮ್ಯಾಗ್ನೆಟ್ ಇರಲಿಲ್ಲ ಎಂಬುದನ್ನು ಸೆಟ್ ಕೇಳುವವರು ನೆನಪಿಡಬೇಕು.

ಇಷ್ಟಾದರೂ ಪಟ್ಟಿ ಬೇಕೇ ಬೇಕು ಎನ್ನುವವರಿಗೆ ಹೇಳುತ್ತೇನೆ. ಮೊದಲು ನಿಮ್ಮನ್ನು ಮರೆಮಾಡುವುದಕ್ಕೆ ಖರ್ಚು ಮಾಡಿ, ಹಕ್ಕಿಯನ್ನು ಕರೆಯುವುದಕ್ಕೆ ಆಮೇಲೆ. ಸೈನ್ಯದ ಹಳೆಯ ಮರೆಬಲೆ ನನಗೆ ಇಪ್ಪತ್ತು ಪೌಂಡಿಗೆ ಸಿಕ್ಕಿತು. ಅದನ್ನು ಬೇಲಿಯಿಂದ ಕಡಿದ ಹೇಝಲ್ ಕೋಲುಗಳ ಮೇಲೆ ಹಾಕಿ, ಅಲ್ಲಿಯದೇ ಸೊಪ್ಪು ಸಿಕ್ಕಿಸುತ್ತೇನೆ. ಕೋಲು ಕಡಿಯುವ ಮುಂಚೆ ರೈತನನ್ನು ಕೇಳಿ. ಒಂದು ಡಜನ್ ಟೊಳ್ಳು ಚಿಪ್ಪಿನ ಹುಸಿ ಹಕ್ಕಿಗಳು ಸಾಕು, ಒಂದರೊಳಗೊಂದು ಕೂರುವುದರಿಂದ ಹೊರುವುದೂ ಸುಲಭ. ಮಿರುಗದ, ಮಖಮಲ್ಲಿನಂಥ ಮೇಲ್ಮೈಯವು ಸಿಕ್ಕರೆ ನಾಲ್ಕು ಪೌಂಡು ಹೆಚ್ಚಾದರೂ ಅವನ್ನೇ ಕೊಳ್ಳಿ. ಕೂರಲು ಮುಚ್ಚಳವಿರುವ ಬಕೆಟ್. ಕೋವಿ ಸೆಕೆಂಡ್‌ಹ್ಯಾಂಡ್ ಆಗಿದ್ದರೂ ಅಡ್ಡಿಯಿಲ್ಲ, ಹೆಗಲಿಗೆ ಹೊಂದಬೇಕು. ಹೊಸದನ್ನೇ, ಒಳ್ಳೆಯದನ್ನೇ ಕೊಳ್ಳಬೇಕಾದ್ದು ಕಿವಿಯ ರಕ್ಷಣೆಯೊಂದನ್ನು. ಮೊದಲ ಎರಡು ವರ್ಷ ನಾನದನ್ನು ಉಳಿತಾಯವೆಂದು ಬಿಟ್ಟೆ. ಈಗ ಎಡಗಿವಿಯಲ್ಲಿ ರಾತ್ರಿಯಿಡೀ ಜೀರುಂಡೆ ಕೂಗುತ್ತದೆ.

ದುಡ್ಡು ಬೇಡದ, ಆದರೆ ಇಲ್ಲದಿದ್ದರೆ ಹೊರಡಲೇಬಾರದ ಎರಡು ಸಂಗತಿಗಳಿವೆ: ಜಮೀನಿನ ಅನುಮತಿ, ಮತ್ತು ಇಂಗ್ಲೆಂಡಿನ ಜಿಎಲ್42 ಎಂಬ ಸಾಮಾನ್ಯ ಪರವಾನಗಿಯ ಷರತ್ತುಗಳ ತಿಳಿವಳಿಕೆ. ಈ ಹಕ್ಕಿಗಳನ್ನು ಹೊಡೆಯಲು ಅವಕಾಶವಿರುವುದು ಬೆಳೆಯ ಗಂಭೀರ ಹಾನಿ ತಡೆಯುವಂಥ ಕಾರಣಗಳಿಗೆ ಮಾತ್ರ, ಮೋಜಿಗಲ್ಲ. 2019ರ ಏಪ್ರಿಲ್‌ನಲ್ಲಿ ನ್ಯಾಚುರಲ್ ಇಂಗ್ಲೆಂಡ್ ಎಂಬ ಸರ್ಕಾರಿ ನಿಸರ್ಗ ಸಂರಕ್ಷಣಾ ಸಂಸ್ಥೆ ಹಳೆಯ ಪರವಾನಗಿಗಳನ್ನು ಹಿಂತೆಗೆದುಕೊಂಡಾಗ, ಹೊಸದು ಬರುವವರೆಗೆ ನಾನು ಕೋವಿಯನ್ನು ಕಪಾಟಿನಿಂದ ತೆಗೆಯಲಿಲ್ಲ. ಊರಿನಿಂದ ಕೇಳುವವರಿಗೂ ಒಂದು ಮಾತು: ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿದೆ, ಇಲ್ಲಿ ಹೇಳಿದ್ದನ್ನು ಅಲ್ಲಿ ಮಾಡಬೇಡಿ.

ಮ್ಯಾಗ್ನೆಟ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹಕ್ಕಿಗಳು ದೂರದಲ್ಲಿ ಹಾಯುವ ದೊಡ್ಡ ಕೂಳೆ ಹೊಲದಲ್ಲಿ ಅದರ ಚಲನೆ ನಿಜವಾಗಿಯೂ ಸೆಳೆಯುತ್ತದೆ, ಅದನ್ನು ಕಂಡು ಬೆದರಿದ ಹಿಂಡುಗಳನ್ನೂ ನೋಡಿದ್ದೇನೆ. ಯಾವ ದಿನ ಯಾವುದೆಂದು ನಿಮಗೇ ತಿಳಿಯುವವರೆಗೆ ಕೊಳ್ಳಬೇಡಿ. ಆ ಪರಿಚಯದವರದು ನನ್ನ ಗ್ಯಾರೇಜಿನಲ್ಲೇ ಇದೆ, ಅವರ ಒಪ್ಪಿಗೆಯೂ ಇದೆ. ಬೇಕಾದವರು ಒಯ್ದು ನೋಡಿ. ಬ್ಯಾಟರಿಯನ್ನು ಮಾತ್ರ ನೀವೇ ತರಬೇಕು.